ನಿನ್ನ ಕೈ ಯಾರಮ್ಮಾ ಒತ್ತೋರು?

ಮಂಗಳವಾರದಿಂದ ಅಮ್ಮನ ಒಂದೇ ಮಾತು ತಲೆಯಲ್ಲಿ ಸುತ್ತುತ್ತಿದೆ. ಚಿಕ್ಕಬಳ್ಳಾಪುರದ ಪ್ರಕೃತಿ ಚಿಕಿತ್ಸೆ ಕ್ಲಿನಿಕ್ಕಿನಲ್ಲಿ ಬೋರಲು ಮಲಗಿದ್ದ ಅಮ್ಮ, ತನ್ನ ಭುಜ ನೀವುತ್ತಿದ್ದ ಹುಡುಗಿಯನ್ನು ಕೇಳಿದಳು, "ನಿನ್ನ ಕೈ ಯಾರಮ್ಮಾ ಒತ್ತೋರು?"

ಹುಡುಗಿ ನಕ್ಕಳು. "ಯಾರೂ ಇಲ್ಲ ಅಜ್ಜಿ. ರಾತ್ರಿ ಬಿಸಿನೀರಲ್ಲಿ ಕೈ ಅದ್ದಿಕೊಂಡು ಮಲಗ್ತೀನಿ."

ಅಮ್ಮ ತಕ್ಷಣ ಏಳೋಕೆ ಹೋದಳು. "ಸಾಕು ಬಿಡು ತಾಯಿ, ನಿನಗೂ ನೋಯುತ್ತೆ." ಅವಳನ್ನು ಮತ್ತೆ ಮಲಗಿಸುವಷ್ಟರಲ್ಲಿ ಸಾಕಾಯಿತು.

ನಮ್ಮದು ಶಿಡ್ಲಘಟ್ಟದ ಪಕ್ಕದ ಹಳ್ಳಿ. ರೇಷ್ಮೆ ಹುಳ ಸಾಕುವ ಮನೆ. ಹುಳ ನಾಲ್ಕನೇ ಜ್ವರದಿಂದ, ಅಂದರೆ ನಾಲ್ಕನೇ ಸಲ ಪೊರೆ ಕಳಚುವ ನಿದ್ದೆಯಿಂದ, ಎದ್ದ ಮೇಲೆ ಏನಾಗುತ್ತದೆ ಅಂತ ಸಾಕಿದವರಿಗೆ ಗೊತ್ತು. ಇಡೀ ಬೆಳೆಗೆ ಬೇಕಾದ ಸೊಪ್ಪಿನಲ್ಲಿ ಶೇ. 80ಕ್ಕಿಂತ ಜಾಸ್ತಿ ಆ ಕೊನೆಯ ವಾರದಲ್ಲೇ ಬೇಕು. ತೋಟದಿಂದ ಹೊರೆ ಹೊರೆ ಸೊಪ್ಪು ತಲೆ ಮೇಲೆ ಬರುತ್ತದೆ. ಹಗಲು ರಾತ್ರಿ ಇಲ್ಲ. ಆಮೇಲೆ ಗೂಡು ಕಟ್ಟೋಕೆ ತಯಾರಾದ ಹಣ್ಣು ಹುಳ ಆರಿಸಿ, ಗೂಡು ಕಟ್ಟುವ ತಟ್ಟೆಗೆ, ಅಂದರೆ ಚಂದ್ರಿಕೆಗೆ ಬಿಡುವ ಕೆಲಸ, ಬಗ್ಗಿದ ಬೆನ್ನು ಬಗ್ಗಿದ ಹಾಗೇ. ಅಮ್ಮನ ಭುಜ ಹಿಡಿದುಕೊಂಡಿದ್ದು ಇಂಥ ಒಂದು ವಾರದಲ್ಲೇ. ಪಕ್ಕದ ಮನೆಯವರು ಆಂಧ್ರದ ಪುತ್ತೂರಿಗೆ ಹೋಗಿ ಕಟ್ಟು ಹಾಕಿಸಿ ಅಂದರು. ಮೂಳೆ ಮುರಿದಿದ್ದರೆ ಆ ಮಾತು ಬೇರೆ. ಮುರಿಯದ ಭುಜಕ್ಕೆ ಕಟ್ಟು ಹಾಕಿದರೆ ಇನ್ನಷ್ಟು ಬಿಗಿಯುತ್ತದೆ.

ಅಮ್ಮ ಬಾಣಂತಿ ಮನೆಗಳಿಗೆ ನೀರು ಹಾಕೋಕೆ ಹೋಗುತ್ತಿದ್ದವಳು. ಕಾಲು ಚಾಚಿ ಕೂತು, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು, ಹರಳೆಣ್ಣೆ ತಿಕ್ಕಿ, ಹಂಡೆಯ ನೀರು ಹದ ನೋಡಿ ಹುಯ್ಯುತ್ತಿದ್ದಳು. ನಮ್ಮೂರಲ್ಲಿ ಈಗ ಕಾಲೇಜಿಗೆ ಹೋಗುವ ಹುಡುಗರಲ್ಲಿ ತುಂಬಾ ಜನ ಆ ಕಾಲ ಮೇಲೆ ಮಲಗಿ ಅತ್ತವರೇ. ಮಗುವಿನ ಮೂಗಿಗೆ, ಕಿವಿಗೆ ಎಣ್ಣೆ ಬಿಡಲು ಅಮ್ಮ ಒಪ್ಪುತ್ತಿರಲಿಲ್ಲ. ನೆತ್ತಿಯ ಮೇಲೆ ಕೈಯ ಭಾರ ಹಾಕುತ್ತಿರಲಿಲ್ಲ. ಇವತ್ತು ಮಕ್ಕಳ ಡಾಕ್ಟರುಗಳು ಹೇಳುವುದೂ ಅದನ್ನೇ. ಇಷ್ಟೆಲ್ಲಾ ಮಾಡಿದ್ದಕ್ಕೆ ಸಿಗುತ್ತಿದ್ದದ್ದು ಎಲೆ ಅಡಿಕೆ, ಒಂದು ರವಿಕೆ ಬಟ್ಟೆ. ಅವಳಿಗೆ ಒಮ್ಮೆಯಾದರೂ ಯಾರಾದರೂ ಎಣ್ಣೆ ತಿಕ್ಕಿದ್ದರಾ? ಯುಗಾದಿ ದಿನ ಮನೆಯವರೆಲ್ಲರ ನೆತ್ತಿಗೆ ಎಣ್ಣೆ ಇಟ್ಟು, ಕೊನೆಗೆ ಬಟ್ಟಲಲ್ಲಿ ಉಳಿದಿದ್ದನ್ನು ತಾನೇ ಸವರಿಕೊಂಡು ಸ್ನಾನಕ್ಕೆ ಹೋಗುವುದನ್ನಷ್ಟೇ ನಾನು ನೋಡಿರುವುದು.

ಅಣ್ಣನಿಗೆ ಕ್ಲಿನಿಕ್ಕು ಇಷ್ಟವಿರಲಿಲ್ಲ. ಅಲ್ಲಿ ನೋವಿಗೆ ಸೂಜಿ ಚುಚ್ಚುವ ಅಕ್ಯುಪಂಕ್ಚರ್ ಚಿಕಿತ್ಸೆಯೂ ಇದೆ. "ಚೀನಾದವರ ಸೂಜಿ ನಮಗ್ಯಾಕೆ?" ಅಂದ. ಅಣ್ಣ ಕೆಟ್ಟವನಲ್ಲ, ಆದರೆ ಗೊತ್ತಿಲ್ಲದ ವಿಷಯದಲ್ಲೇ ಅವನ ದನಿ ಏರುವುದು. ಜಪಾನು ಚೀನಾದ ಮೇಲೆ ಬಿದ್ದಾಗ, 1938ರಲ್ಲಿ, ಇಲ್ಲಿಂದ ಐದು ಜನ ಡಾಕ್ಟರು ಗಾಯಾಳುಗಳ ಸೇವೆಗೆ ಹೋಗಿದ್ದರು. ಸೊಲ್ಲಾಪುರದ ದ್ವಾರಕಾನಾಥ ಕೋಟ್ನಿಸ್ 1942ರಲ್ಲಿ ಅಲ್ಲೇ ತೀರಿಹೋದರು. ಅದೇ ತಂಡದ ಡಾ. ಬಿ.ಕೆ. ಬಸು ಮುಂದೆ ಮತ್ತೆ ಚೀನಾಕ್ಕೆ ಹೋಗಿ ಅಕ್ಯುಪಂಕ್ಚರ್ ಕಲಿತು, 1959ರಲ್ಲಿ ಅದನ್ನು ಕಲ್ಕತ್ತೆಗೆ ತಂದರು. 2019ರಲ್ಲಿ ನಮ್ಮ ಕೇಂದ್ರ ಆರೋಗ್ಯ ಇಲಾಖೆ ಅದನ್ನು ಪ್ರತ್ಯೇಕ ಚಿಕಿತ್ಸಾ ಪದ್ಧತಿ ಅಂತ ಒಪ್ಪಿಕೊಂಡಿದೆ. ಸೇವೆಗೆ ಹೋದವರು ಕಲಿತು ತಂದ ವಿದ್ಯೆ ಅದು. ಇದನ್ನೆಲ್ಲಾ ಹೇಳಿದ ಮೇಲೆ ಅಣ್ಣ ಬಸ್ ಸ್ಟ್ಯಾಂಡಿನವರೆಗೆ ಬಿಟ್ಟು ಬಂದ.

ಡಾಕ್ಟರಮ್ಮ ನನಗೆ ತುಂಬಾ ಹಿಡಿಸಿದರು. ಸೂಜಿ ಮುಟ್ಟುವ ಮೊದಲು ಎಷ್ಟೋ ಹೊತ್ತು ಬರೀ ಕೇಳಿದರು. ಶುಗರ್ ಇದೆಯಾ, ರಕ್ತ ತೆಳ್ಳಗಾಗುವ ಮಾತ್ರೆ ತಗೋತೀರಾ, ಯಾವ ಕೆಲಸ ಮಾಡ್ತೀರಾ. ಮೀನಖಂಡ ಮುಟ್ಟಿ ನೋಡಿದರು. ಒಂದೇ ಕಾಲು ಊದಿ, ಕೆಂಪಾಗಿ, ಬಿಸಿಯಾಗಿದ್ದರೆ ಅಲ್ಲಿ ರಕ್ತ ಹೆಪ್ಪುಗಟ್ಟಿರಬಹುದು, ಅಂಥ ಕಾಲನ್ನು ಒತ್ತಲೇಬಾರದು ಅಂದರು. ಆಮೇಲೆ ಕೇಳಿದ್ದು, "ಯಾವ ನೀರು ಕುಡೀತೀರಾ?"

ಆ ಪ್ರಶ್ನೆ ನಮ್ಮ ಸೀಮೆಯದು. ಇಲ್ಲಿ ಬೋರ್‌ವೆಲ್ ಸಾವಿರ ಅಡಿ ದಾಟಿ ಹೋಗಿವೆ. ಎಷ್ಟೋ ಊರಲ್ಲಿ ನೀರಿನ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ಮೀರಿದೆ. ವರ್ಷಗಟ್ಟಲೆ ಅದನ್ನೇ ಕುಡಿದರೆ ಮೊದಲು ಮಕ್ಕಳ ಹಲ್ಲಿನ ಮೇಲೆ ಕಲೆ ಬೀಳುತ್ತದೆ, ಆಮೇಲೆ ದೊಡ್ಡವರ ಬೆನ್ನು, ಕೀಲು ಮರಗಟ್ಟುತ್ತವೆ. ಯಾವ ಎಣ್ಣೆ ತಿಕ್ಕಿದರೂ, ಯಾವ ಸೂಜಿ ಚುಚ್ಚಿದರೂ ಆ ಬಿಗಿತ ಬಿಡುವುದಿಲ್ಲ. ಶುದ್ಧ ನೀರಿನ ಘಟಕದ್ದು ಅಂತ ಅಮ್ಮ ಹೇಳಿದಾಗ ಡಾಕ್ಟರಮ್ಮ ತಲೆಯಾಡಿಸಿದರು. "ಕ್ಯಾನ್ ಯಾರು ಹೊತ್ತು ತರೋದು?" "ನಾನೇ." ಇಪ್ಪತ್ತು ಲೀಟರಿನ ಕ್ಯಾನ್. ಅದೂ ನೋಯುವ ಭುಜದ ಕಡೆಯೇ.

ಸೂಜಿ ಕಾಲು ಮಿಲಿಮೀಟರಿನಷ್ಟು ದಪ್ಪ. ಇಂಜೆಕ್ಷನ್ ಸೂಜಿಯ ಹಾಗೆ ಒಳಗೆ ಟೊಳ್ಳಿಲ್ಲ. ನಮ್ಮೆದುರೇ ಹೊಸ ಪ್ಯಾಕೆಟ್ ಒಡೆದರು. ಭುಜದ ಸುತ್ತ ಚುಚ್ಚಿದರು, ಹೆಬ್ಬೆರಳು ತೋರುಬೆರಳಿನ ನಡುವಿನ ಮೆತ್ತನೆ ಜಾಗಕ್ಕೂ ಒಂದು. ಬಸುರಿಯರಿಗೆ ಅಲ್ಲಿ ಚುಚ್ಚುವುದಿಲ್ಲವಂತೆ. ಅಮ್ಮನಿಗೆ ಚುಚ್ಚಿದ್ದು ಗೊತ್ತೇ ಆಗಲಿಲ್ಲ, ಸ್ವಲ್ಪ ಹೊತ್ತಾದ ಮೇಲೆ "ಒಳಗೆ ಏನೋ ಭಾರ ಭಾರ" ಅಂದಳು. ಇದು ಪವಾಡ ಅಂತ ಡಾಕ್ಟರಮ್ಮ ಹೇಳಲಿಲ್ಲ, ಅದು ನನಗೆ ಮುಖ್ಯ. ಕುತ್ತಿಗೆ, ಬೆನ್ನು, ಮಂಡಿಯ ಹಳೇ ನೋವಿಗೆ ಕೆಲವರಿಗೆ ಉಪಶಮನ ಸಿಗುತ್ತದೆ. ಸರಿಯಾದ ಜಾಗಕ್ಕೆ ಚುಚ್ಚಿದ್ದಕ್ಕೂ ಸುಮ್ನೆ ಚುಚ್ಚಿದ ಹಾಗೆ ಮಾಡಿದ್ದಕ್ಕೂ ಹೋಲಿಸಿ ನೋಡಿದಾಗ ಸಿಕ್ಕ ವ್ಯತ್ಯಾಸ ಚಿಕ್ಕದು. ಇಷ್ಟನ್ನು ಬಿಡಿಸಿ ಹೇಳಿ, "ಭಾರ ಹೊರೋದು ನಿಲ್ಲದೆ ನನ್ನ ಸೂಜಿ ಏನೂ ಮಾಡಲ್ಲಮ್ಮ" ಅಂದರು.

ಆಮೇಲೆ ಆ ಹುಡುಗಿ ಬಂದಳು. ಬಾಗೇಪಲ್ಲಿ ಕಡೆಯವಳು. ಅಮ್ಮ ಅವಳ ಜೊತೆ ತೆಲುಗಿಗೆ ಇಳಿದಳು, ಮತ್ತೆ ಕನ್ನಡಕ್ಕೆ ಬಂದಳು, ನಮ್ಮ ಕಡೆ ಇದೆಲ್ಲಾ ಮಾಮೂಲು. ಹುಡುಗಿಯ ಹೆಬ್ಬೆರಳಿನ ಬುಡ ಊದಿತ್ತು. ನಾನು ಅದನ್ನು ನೋಡಿರಲಿಲ್ಲ. ಅಮ್ಮನ ಬೆನ್ನಿಗೆ ಅದು ಗೊತ್ತಾಗಿದೆ. ಒತ್ತುವ ಕೈಗೆ ಎಲ್ಲಿ ನೋವಿದೆ ಅಂತ ಒತ್ತಿ ಒತ್ತಿ ಸವೆದವರಿಗೆ ಮುಟ್ಟಿದ ಕೂಡಲೇ ತಿಳಿಯುತ್ತದೆ. ಅದಕ್ಕೇ ಆ ಮಾತು ಬಂತು. ನಿನ್ನ ಕೈ ಯಾರಮ್ಮಾ ಒತ್ತೋರು? ಅಷ್ಟು ಸುಲಭವಾಗಿ ಕೇಳಿಬಿಟ್ಟಳಲ್ಲ!

ಹೊರಗೆ ಕೂತಿದ್ದ ಒಬ್ಬ ಹೆಂಗಸು "ಬರೀ ಎಣ್ಣೆ ತಿಕ್ಕೋಕೆ ಇಷ್ಟು ದುಡ್ಡಾ?" ಅಂತ ಕೌಂಟರಿನಲ್ಲಿ ಜಗಳ ತೆಗೆದಿದ್ದರು. ನನಗೆ ಸಿಟ್ಟು ಬಂತು. ಮೈ ಬಗ್ಗಿಸಿ, ಬೆರಳು ಸವೆಸಿ ಮಾಡುವ ಕೆಲಸ ಅದು. ಬಾಣಂತಿಗೆ ನೀರು ಹಾಕುವವಳಿಗೂ ನಾವು ಹೀಗೇ ಲೆಕ್ಕ ಹಾಕಿದ್ದೇವೆ.

ಒಳ್ಳೆ ಅಭ್ಯಾಸ ಅಂತ ಎಲ್ಲರೂ ಹೇಳುವುದು ಒಂದೇ ಪಟ್ಟಿ. ಬೆಳಗ್ಗೆ ವಾಕಿಂಗ್, ವ್ಯಾಯಾಮ, ಹೊತ್ತಿಗೆ ಸರಿಯಾಗಿ ನಿದ್ದೆ. ಇಡೀ ದಿನ ಕೂತು ಕೆಲಸ ಮಾಡುವ ನನ್ನಂಥವಳಿಗೆ ಅದು ಬೇಕು. ಅಮ್ಮನ ಮೈಗೆ ನಡಿಗೆ ಕಡಿಮೆಯಾಗಿಲ್ಲ, ಬಿಡುವು ಕಡಿಮೆಯಾಗಿದೆ. ಮುದ್ದೆ, ಬಸ್ಸಾರು, ಸೊಪ್ಪು ತಿನ್ನುವ ಹೆಂಗಸಿಗೆ ಊಟದ ಪಾಠವೂ ಬೇಡ, ಎಲ್ಲರದ್ದೂ ಆದ ಮೇಲೆ ಉಳಿದಿದ್ದನ್ನು ತಿನ್ನದೆ ಹೊತ್ತಿಗೆ ಕೂತು ಉಣ್ಣುವ ಹಾಗಾಗಬೇಕು. ನಿದ್ದೆಯೂ ಅಷ್ಟೇ. ಕೊನೆಯ ವಾರ ರಾತ್ರಿ ಸೊಪ್ಪು ಹಾಕೋಕೆ ಎದ್ದೇಳುವವಳ ಆರೋಗ್ಯ ಅವಳೊಬ್ಬಳ ಅಭ್ಯಾಸದಿಂದ ಸರಿಹೋಗುವುದು ಹೇಗೆ? ಆ ಕೆಲಸಕ್ಕೆ ಇನ್ನೊಂದು ಜೊತೆ ಕೈ ಬೇಕು. ಡಾಕ್ಟರಮ್ಮನ ಚೀಟಿಯಲ್ಲಿ ಬರೆಯಲಾಗದ ಔಷಧಿ ಇದು, ಮನೆಯವರೇ ಕೊಡಬೇಕು.

ರಾತ್ರಿ ಅಣ್ಣನ ಹತ್ತಿರ ಕೂತು ಮಾತಾಡಿದೆ. ನೀರಿನ ಕ್ಯಾನ್ ಇನ್ಮೇಲೆ ಬೈಕಿನಲ್ಲಿ ತಾನೇ ತರುತ್ತೇನೆ ಅಂತ ಒಪ್ಪಿದ್ದಾನೆ. ವಾರಕ್ಕೊಂದು ದಿನ ಅಮ್ಮನನ್ನು ಕ್ಲಿನಿಕ್ಕಿಗೆ ಕರೆದುಕೊಂಡು ಹೋಗುವುದು ನನ್ನ ಪಾಲು. ಭುಜ ನೀವೋದು ತನಗೂ ತೋರಿಸಿಕೊಡು ಅಂತ ಅತ್ತಿಗೆ ತಾನಾಗೇ ಕೇಳಿದಳು. ಸೊಪ್ಪಿನ ಹೊರೆಗೆ ಕೂಲಿಯವರನ್ನು ಇಡುವ ವಿಷಯಕ್ಕೆ ಮಾತ್ರ ಅಣ್ಣ ಗೂಡಿನ ರೇಟು ಹೇಳುತ್ತಾ ಕೂತ. ಮುಂದಿನ ಬೆಳೆಗೆ ಚಾಕಿ ಹುಳ, ಅಂದರೆ ಮರಿ ಹುಳ, ತರುವ ಮೊದಲು ಅದನ್ನೂ ಇತ್ಯರ್ಥ ಮಾಡಿಕೊಂಡೇ ಬರುತ್ತೇನೆ.