ಗವಂತಿ ಕಲಿಸಿದ ಅಕ್ಕೋರು

ನಮ್ಮ ಶಾಲೆಯಲ್ಲಿ ಹೊಲಿಗೆ ಮತ್ತು ಕಸೂತಿ ಕಲಿಸುತ್ತಿದ್ದ ಅಕ್ಕೋರು ಕಳೆದ ಮಳೆಗಾಲದಲ್ಲಿ ತೀರಿಕೊಂಡರೆಂಬ ಸುದ್ದಿ ನನಗೆ ತಲುಪಿದ್ದು ತಡವಾಗಿ. ಈ ಸಂಚಿಕೆಗೆ ಲೇಖನ ಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ, ಗಣಿತದ ಪ್ರಾಧ್ಯಾಪಕಿಯಾಗಿ ನಿವೃತ್ತಳಾದ ನಾನು ವಿಜ್ಞಾನದ ಮಾಸ್ತರರ ಬಗ್ಗೆಯೇ ಬರೆಯುವೆನೆಂದು ಅವರು ಎಣಿಸಿದ್ದರೇನೋ. ಆದರೆ 1974ರಿಂದ 1977ರವರೆಗೆ ಧಾರವಾಡದ ಆ ಹೆಂಚಿನ ಕಟ್ಟಡದಲ್ಲಿ ಕಲಿತದ್ದರಲ್ಲಿ ಇಂದಿಗೂ ನನ್ನ ಕೈಯಲ್ಲಿ ಉಳಿದಿರುವುದು ಕಸೂತಿಯ ಗವಂತಿ ಹೊಲಿಗೆಯೊಂದೇ. ಇತಿಹಾಸದ ಇಸವಿಗಳೂ ರಸಾಯನಶಾಸ್ತ್ರದ ಸಮೀಕರಣಗಳೂ ಎಲ್ಲಿ ಹೋದವೋ ತಿಳಿಯದು. ಅವನ್ನು ಹುಡುಕುವ ಉತ್ಸಾಹವೂ ಈಗ ಇಲ್ಲ.

ಅಕ್ಕೋರು ಎತ್ತರದವರಲ್ಲ, ಗಟ್ಟಿಯಾಗಿ ಮಾತನಾಡುವವರೂ ಅಲ್ಲ. ಇಳಕಲ್ ಸೀರೆಯ ಸೆರಗನ್ನು ಹೊದ್ದು, ಎಡಭುಜದ ಹತ್ತಿರ ಒಂದು ಸೂಜಿಯನ್ನು ಸದಾ ಚುಚ್ಚಿಕೊಂಡು, ಕೈಯಲ್ಲಿ ತಗಡಿನ ಬಿಸ್ಕೀಟಿನ ಡಬ್ಬಿ ಹಿಡಿದು ಅವರು ಒಳಗೆ ಬಂದರೆ, ಬೇರೆ ತರಗತಿಗಳಲ್ಲಿ ಬೆತ್ತಕ್ಕೂ ಅಂಜದ ಹುಡುಗಿಯರು ತಾವಾಗಿ ಸುಮ್ಮನಾಗುತ್ತಿದ್ದರು. ಆ ಡಬ್ಬಿಯಲ್ಲಿ ದಾರದ ಲಡಿಗಳ ಕೆಳಗೆ ಅವರ ತಾಯಿ ಹಾಕಿದ ಕಸೂತಿಯ ತುಂಡೊಂದಿತ್ತು: ಕಪ್ಪು ಚಂದ್ರಕಾಳಿ ಸೀರೆಯ ಸೆರಗಿನ ಭಾಗ, ಅದರ ಮೇಲೆ ಗೋಪುರ, ತೇರು, ತುಳಸಿ ವೃಂದಾವನ, ಅಂಬಾರಿ ಹೊತ್ತ ಆನೆ, ಅಂಚಿನುದ್ದಕ್ಕೂ ಶಂಖಗಳು. ವರ್ಷದ ಮೊದಲ ತರಗತಿಯಲ್ಲಿ ಆ ತುಂಡನ್ನು ಅವರು ಬೆಂಚಿನಿಂದ ಬೆಂಚಿಗೆ ಕಳುಹಿಸಿ, ಯಾವುದು ಮುಂಬದಿ, ಯಾವುದು ಹಿಂಬದಿ ಎಂದು ಕೇಳುತ್ತಿದ್ದರು. ಆನೆಯನ್ನೂ ಗೋಪುರವನ್ನೂ ಹಿಡಿದು ಹೇಳಹೊರಟವರಿಗೆ ಉತ್ತರ ಸಿಗುತ್ತಿರಲಿಲ್ಲ.

ಕಸೂತಿಯಲ್ಲಿ ನಾಲ್ಕು ಹೊಲಿಗೆಗಳಿವೆಯೆಂಬುದು ಉತ್ತರ ಕರ್ನಾಟಕದ ಹೆಚ್ಚಿನ ಮನೆಗಳಲ್ಲಿ ಗೊತ್ತಿರುವ ಸಂಗತಿ. ಗೆರೆಯಾಗಿ ಸಾಗುವ ಗವಂತಿ, ಮೆಟ್ಟಿಲು ಮೆಟ್ಟಿಲಾಗಿ ಏರುವ ಮುರ್ಗಿ, ನೇಯ್ಗೆಯ ಭ್ರಮೆ ಹುಟ್ಟಿಸುವ ನೇಗಿ, ಮೆಂತ್ಯದ ಕಾಳು ಚೆಲ್ಲಿದಂತೆ ಕಾಣುವ ಮೆಂತಿ. ಇವುಗಳಲ್ಲಿ ಗವಂತಿಗೂ ಮುರ್ಗಿಗೂ ಎರಡು ಮಗ್ಗಲು ಒಂದೇ. ನೇಗಿಯಲ್ಲಿ ಹಿಂಬದಿಗೆ ಚಿತ್ರ ಅದಲುಬದಲಾಗಿ ಮೂಡುತ್ತದೆ. ಮೆಂತಿಯ ಹಿಂಬದಿಯನ್ನು ಯಾರೂ ತೋರಿಸಲು ಇಷ್ಟಪಡುವುದಿಲ್ಲ. ಬೇರೆ ಕಡೆ ಮೆಂತಿಯಿಂದ ಪಾಠ ಆರಂಭಿಸುತ್ತಾರೆ, ಏಕೆಂದರೆ ಅದು ಬೇಗ ಕೈಗೆ ಹತ್ತುತ್ತದೆ, ಬೇಗ ಬಟ್ಟೆ ತುಂಬುತ್ತದೆ, ಪ್ರದರ್ಶನದ ದಿನ ಪಾಲಕರಿಗೂ ಮೆಚ್ಚುಗೆಯಾಗುತ್ತದೆ. ನಮ್ಮ ಅಕ್ಕೋರು ಮಾತ್ರ ಎಂಟನೆಯ ತರಗತಿಯ ಇಡೀ ವರ್ಷವನ್ನು ಗವಂತಿಯಲ್ಲೇ ಕಳೆದರು. ಅವರ ಈ ಹಟವೇ ಸರಿಯಾಗಿತ್ತೆಂದು ನಾನು ಇಂದಿಗೂ ವಾದಿಸುತ್ತೇನೆ.

ಬಟ್ಟೆಯ ಮೇಲೆ ಪೆನ್ಸಿಲ್ ಮುಟ್ಟಿಸುವಂತಿರಲಿಲ್ಲ. ಅಚ್ಚು ಹಾಕುವುದಾಗಲಿ, ಕಾರ್ಬನ್ ಕಾಗದ ಇಟ್ಟು ಚಿತ್ರ ಇಳಿಸುವುದಾಗಲಿ ಕಸೂತಿಯಲ್ಲಿಲ್ಲ. ಎಳೆ ಎಣಿಸಿಯೇ ಹಾಕಬೇಕು. ಎಳೆಗಳನ್ನು ಜೋಡಿಸಿ ನೇಯ್ದಿರುವ ಮ್ಯಾಟಿ ಬಟ್ಟೆಯ ಮೇಲೆ ಎಣಿಕೆ ಸುಲಭವೆಂದು ಆರಂಭಕ್ಕೆ ಅದನ್ನೇ ಕೊಡುತ್ತಿದ್ದರು. ಆರೆಳೆಯ ದಾರದಿಂದ ಎರಡೆಳೆ ಬಿಡಿಸಿ, ಮೊಂಡು ಮೊನೆಯ ಸೂಜಿಗೆ ಪೋಣಿಸಿ, ಗಂಟು ಹಾಕದೆ, ಗೇಣುದ್ದ ದಾರವನ್ನು ಹಾಗೆಯೇ ಇಳಿಬಿಟ್ಟು ಆರಂಭಿಸಬೇಕಿತ್ತು. “ಗಂಟ ಹಾಕಬ್ಯಾಡ್ರೆವಾ, ಹಿಂದಿನ ಮಗ್ಗಲ ಕೆಡತದ” ಎನ್ನುವ ಮಾತನ್ನು ಅವರು ತಾಳ್ಮೆ ತಪ್ಪದೆ ಪ್ರತಿ ತರಗತಿಯಲ್ಲೂ ಹೇಳುತ್ತಿದ್ದರು. ಇಳಿಬಿಟ್ಟ ತುದಿಯನ್ನು ಕೊನೆಯಲ್ಲಿ ಹೊಲಿಗೆಯ ಮೈಯಲ್ಲೇ ಅಡಗಿಸಬೇಕು.

ಗವಂತಿಯ ಕ್ರಮ ಹೇಳಲು ಸರಳ. ನಾಲ್ಕು ಎಳೆ ಮೇಲೆ, ನಾಲ್ಕು ಎಳೆ ಕೆಳಗೆ ಎಂದು ಸೂಜಿ ಸಾಗುತ್ತದೆ. ಗೆರೆಯ ತುದಿ ಮುಟ್ಟುವಾಗ ಅರ್ಧ ಗೆರೆ ಮಾತ್ರ ಮೂಡಿರುತ್ತದೆ. ಅಲ್ಲಿಂದ ಅದೇ ರಂಧ್ರಗಳಲ್ಲಿ ಮರಳುತ್ತ ಖಾಲಿ ಬಿಟ್ಟ ಜಾಗಗಳನ್ನು ತುಂಬಿದರೆ ಎರಡೂ ಮಗ್ಗಲಿಗೆ ಒಂದೇ ಗೆರೆ. ಮರಳುವಾಗ ಹಳೆಯ ದಾರದ ಮೇಲ್ಗಡೆಯಿಂದ ಸೂಜಿ ಹೊರತೆಗೆದರೆ ಕೆಳಗಡೆಯಿಂದ ಇಳಿಸಬೇಕು, ಮತ್ತು ಕೊನೆಯವರೆಗೂ ಅದೇ ಕ್ರಮ ಕಾಯಬೇಕು. ಇಲ್ಲವಾದರೆ ಗೆರೆ ಸೊಟ್ಟಗಾಗುತ್ತದೆ. ಕಷ್ಟ ಆರಂಭವಾಗುವುದು ಗೆರೆ ಕವಲೊಡೆದಾಗ. ಗೋಪುರವೆಂದರೆ ಕವಲುಗಳ ರಾಶಿ. ಮುಖ್ಯ ಗೆರೆಯಲ್ಲಿ ಹೋಗುತ್ತಿರುವಾಗಲೇ ಯಾವ ಕವಲಿಗೆ ಈಗ ಇಳಿಯಬೇಕು, ಯಾವುದನ್ನು ಮರಳುವಾಗ ನೋಡಿಕೊಳ್ಳಬೇಕು ಎಂಬುದು ತಲೆಯಲ್ಲಿರಬೇಕು. ಒಂದು ಕವಲು ಮರೆತು ಆರಂಭದ ಸ್ಥಾನಕ್ಕೆ ಬಂದುಬಿಟ್ಟರೆ, ಆ ಕವಲಿಗಾಗಿ ಹಿಂಬದಿಯಲ್ಲಿ ದಾರವನ್ನು ಅಡ್ಡ ಎಳೆಯಬೇಕಾಗುತ್ತದೆ, ಮತ್ತು ಅದು ಅಕ್ಕೋರ ಕಣ್ಣು ತಪ್ಪಿಸುವುದು ಸಾಧ್ಯವೇ ಇರಲಿಲ್ಲ. ಅವರು ಬಟ್ಟೆ ಕೈಗೆ ತೆಗೆದುಕೊಂಡವರೇ ಮೊದಲು ಮಗುಚುತ್ತಿದ್ದರು. ಸೂಜಿ ಹಿಡಿಯುವ ಮೊದಲು ಪ್ರತಿಯೊಬ್ಬಳೂ ಬೆರಳಿನಿಂದ ದಾರಿ ತೋರಿಸಬೇಕಿತ್ತು. ಹೋಗುವುದನ್ನು ತೋರಿಸಿದೊಡನೆ ಅವರ ಪ್ರಶ್ನೆ ಸಿದ್ಧ: “ಹೋಗೂ ಹಾದಿ ಛಲೋ ಅದ. ಬರೂದು ಹೆಂಗ?”

ಇಲ್ಲಿ ಗಣಿತದ ಮಾಸ್ತರರನ್ನು ಕರೆತರಬೇಕು. ಮಳೆಯಿರಲಿ ಬಿಡಲಿ, ಕಂಕುಳಲ್ಲಿ ಕರಿಯ ಛತ್ರಿಯಿಲ್ಲದೆ ಅವರನ್ನು ನಾವು ಕಂಡವರಲ್ಲ. ಪ್ರತಿ ವಾಕ್ಯದ ಕೊನೆಗೂ ‘ಬರೊಬ್ಬರಿ’, ಅಂದರೆ ಸರಿಯಾಗಿದೆ, ಎನ್ನದೆ ಅವರ ಮಾತು ಮುಗಿಯುತ್ತಿರಲಿಲ್ಲ. ಹತ್ತನೆಯ ತರಗತಿಯವರಿಗೆ ಕಸೂತಿ ಏಕೆ, ಆ ವೇಳೆಯನ್ನು ತಮಗೆ ಬಿಟ್ಟುಕೊಟ್ಟರೆ ಇನ್ನಷ್ಟು ಲೆಕ್ಕ ಮಾಡಿಸಬಹುದು ಎಂಬುದು ಅವರ ಬಹಳ ದಿನಗಳ ತಕರಾರು. ಅದನ್ನು ಇತ್ಯರ್ಥ ಮಾಡಿಕೊಳ್ಳಲೆಂದೇ ಒಂದು ಮಧ್ಯಾಹ್ನ ಅವರು ನಮ್ಮ ಕಸೂತಿ ತರಗತಿಗೆ ಬಂದರು. ಆಗ ನಾನು ಎದ್ದು ನಿಂತು ಏಳಂತಸ್ತಿನ ಗೋಪುರದ ದಾರಿಯನ್ನು ಬೆರಳಿನಿಂದ ತೋರಿಸುತ್ತಿದ್ದೆ. ಮಾಸ್ತರರು ಬಾಗಿಲಲ್ಲೇ ನಿಂತು ನೋಡಿದರು, ಬಳಿಕ ಛತ್ರಿಯನ್ನು ಗೋಡೆಗೆ ಒರಗಿಸಿ ಸುಣ್ಣದ ಕಡ್ಡಿ ಎತ್ತಿಕೊಂಡರು.

ಅವರು ಹಲಗೆಯ ಮೇಲೆ ಒಂದು ನದಿ, ಅದರ ನಡುವೆ ಎರಡು ದ್ವೀಪ, ಏಳು ಸೇತುವೆ ಬರೆದರು. ಕೋನಿಗ್ಸ್‌ಬರ್ಗ್ ಎಂಬ ಪಟ್ಟಣದ ಜನರಿಗೆ ಪ್ರತಿ ಸೇತುವೆಯನ್ನೂ ಒಂದೇ ಸಲ ದಾಟಿ ಊರು ಸುತ್ತಿ ಬರಲು ಸಾಧ್ಯವೇ ಎಂಬ ಪ್ರಶ್ನೆಯಿತ್ತೆಂದೂ, 1736ರಲ್ಲಿ ಆಯ್ಲರ್ ಎಂಬ ಗಣಿತಜ್ಞ ಅದು ಸಾಧ್ಯವಿಲ್ಲವೆಂದು ಸಾಧಿಸಿದನೆಂದೂ ಹೇಳಿದರು. ಒಂದು ದ್ವೀಪಕ್ಕೆ ಐದು ಸೇತುವೆ, ಉಳಿದ ಮೂರು ನೆಲಗಳಿಗೆ ಮೂರು ಮೂರು. ಎಲ್ಲವೂ ಬೆಸ ಸಂಖ್ಯೆ. ಬಂದ ಪ್ರತಿ ಸಲವೂ ಬೇರೆ ಸೇತುವೆಯಿಂದ ಹೊರಗೆ ಹೋಗಬೇಕಾದ್ದರಿಂದ ಸೇತುವೆಗಳು ಜೋಡಿಯಾಗಿ ಬೇಕು, ಬೆಸವಾದರೆ ಒಂದು ಉಳಿಯುತ್ತದೆ, ಬರೊಬ್ಬರಿ. ನಾವು ಬೆರಗಾಗಿ ನೋಡುತ್ತಿರುವಾಗ, ಅಲ್ಲಿಯವರೆಗೆ ದಾರ ಬಿಡಿಸುತ್ತ ಕುಳಿತಿದ್ದ ಅಕ್ಕೋರು ತಲೆಯೆತ್ತದೆ ಕೇಳಿದರು: “ಎಲ್ಲಾ ಸೇತುವೆ ಎರಡೆರಡು ಸಲ ದಾಟಿದ್ರ ನಡೀತದೇನ್ರಿ, ಸರ?”

ಮಾಸ್ತರರು ಹಲಗೆಯ ಕಡೆ ತಿರುಗಿದರು. ಐದಿದ್ದದ್ದು ಹತ್ತಾಯಿತು, ಮೂರಿದ್ದದ್ದೆಲ್ಲ ಆರಾಯಿತು. “ನಡೀತದ” ಎಂದರು; ಬರೊಬ್ಬರಿ ಎನ್ನಲು ಮರೆತರು. ಆದರೆ ಅಕ್ಕೋರು ಅಲ್ಲಿಗೆ ಬಿಡಲಿಲ್ಲ. ಪ್ರತಿ ಸೇತುವೆಯನ್ನೂ ಒಂದು ಸಲ ಮೇಲಿನಿಂದ, ಒಂದು ಸಲ ಕೆಳಗಿನಿಂದ ದಾಟಬೇಕು, ಒಂದು ಹೆಜ್ಜೆ ಮೇಲೆ ಹೋದರೆ ಮುಂದಿನ ಹೆಜ್ಜೆ ಕೆಳಗೇ ಆಗಬೇಕು, ಕೊನೆಗೆ ಹೊರಟಲ್ಲಿಗೇ ಬಂದು ನಿಲ್ಲಬೇಕು. ತಮ್ಮ ತಾಯಿ ಹಾಕಿದ ಯಾವ ಗೋಪುರವೂ ಈ ನಿಯಮ ತಪ್ಪಿಲ್ಲ, ಇದು ಯಾವಾಗಲೂ ಹೀಗೆಯೇ ಆಗುತ್ತದೆಯೋ ಇಲ್ಲವೋ ಹೇಳಿರಿ ಎಂದು ಕೇಳಿದರು.

ಮಾಸ್ತರರು ಆ ಪ್ರಶ್ನೆಯನ್ನು ಮನೆಗೆ ಹೊತ್ತುಕೊಂಡು ಹೋಗಿ, ಮುಂದಿನ ವಾರ ಉತ್ತರದೊಂದಿಗೆ ಬಂದರು. ಬಿಡಿಬಿಡಿಯಾಗಿರದೆ ಒಂದಕ್ಕೊಂದು ಕೂಡಿಕೊಂಡಿರುವ ಯಾವ ಚಿತ್ರವನ್ನಾದರೂ ಹೀಗೆ ಹೊಲಿಯಬಹುದು. ಕವಲಿನ ತುದಿ ಮುಟ್ಟಿ ಅದೇ ದಾರಿಯಲ್ಲಿ ಮರಳಿದರೆ ಇಟ್ಟ ಹೆಜ್ಜೆಗಳ ಸಂಖ್ಯೆ ಯಾವಾಗಲೂ ಸಮ. ಆದ್ದರಿಂದ ಒಂದು ಮನೆಯನ್ನು, ಅಂದರೆ ನಾಲ್ಕೆಳೆಯ ಒಂದು ಹೊಲಿಗೆಯ ಜಾಗವನ್ನು, ಮೇಲಿನಿಂದ ದಾಟಿ ಹೋದ ಸೂಜಿ, ಅದರಾಚೆಯ ಕವಲುಗಳನ್ನೆಲ್ಲ ಮುಗಿಸಿ ಮರಳುವಾಗ ಅದೇ ಮನೆಯನ್ನು ತಾನಾಗಿಯೇ ಕೆಳಗಿನಿಂದ ದಾಟುತ್ತದೆ. ಚಿತ್ರದಲ್ಲಿ ಸುತ್ತು ಇದ್ದರೆ, ಸುತ್ತು ಮುಚ್ಚುವ ಮನೆಯನ್ನು ಕುರುಡು ಓಣಿಯೆಂದು ಎಣಿಸಿ ಮುಟ್ಟಿ ಮರಳಿಬಿಡಬೇಕು. ಅಕ್ಕೋರು ಇದನ್ನು ಕೇಳಿ, “ಹಂಗಾರ ನಮ್ಮವ್ವಗ ಗೊತ್ತಿತ್ತು” ಎಂದಷ್ಟೇ ಹೇಳಿದರು. ಕಸೂತಿಯ ವೇಳೆಯನ್ನು ಕೇಳಲು ಮಾಸ್ತರರು ಮತ್ತೆ ಬರಲಿಲ್ಲ. ಸ್ನಾತಕೋತ್ತರ ಪರೀಕ್ಷೆಯಲ್ಲಿ ವಿಶ್ವವಿದ್ಯಾಲಯಕ್ಕೆ ಮೊದಲ ಸ್ಥಾನ ನನಗೆ ಬಂತು. ಅದನ್ನು ಹೇಳಿಕೊಳ್ಳುವ ಸ್ಥಳ ಇದಲ್ಲವಾದರೂ, ಬಿಂದುಗಳನ್ನೂ ಅವನ್ನು ಕೂಡಿಸುವ ಗೆರೆಗಳನ್ನೂ ಕುರಿತ ಗ್ರಾಫ್ ಸಿದ್ಧಾಂತದ ಪತ್ರಿಕೆಗಾಗಿ ನಾನು ಓದಬೇಕಾದದ್ದು ಹೆಚ್ಚೇನೂ ಇರಲಿಲ್ಲ.

ಮಾಸ್ತರರ ಆ ಸೇತುವೆಗಳ ಪಾಠ ನಡೆದ ವರ್ಷವೇ ಶಿಕ್ಷಣ ಇಲಾಖೆಯ ಇನ್‌ಸ್ಪೆಕ್ಟರ್ ಸಾಹೇಬರು ಬರುವರೆಂದು ಶಾಲೆಗೆ ಸುಣ್ಣ ಬಳಿಯಲಾಯಿತು, ನಮಗೆ ಮೇಜಿನ ಹಾಸೊಂದನ್ನು ಸಿದ್ಧಪಡಿಸುವ ಕೆಲಸ ಬಂತು. ನಾಲ್ಕು ಅಂಚಿಗೂ ಅಂಬಾರಿ ಹೊತ್ತ ಆನೆಗಳ ಮೆರವಣಿಗೆ, ನಡುವೆ ತೇರು. ಸಾಲುಗಳನ್ನು ಹಂಚಿಕೊಟ್ಟಾಗ ನನ್ನ ಪಾಲಿಗೆ ಬಂದ ಅಂಚಿನ ಒಂದು ಆನೆಗೆ ಅಂಬಾರಿಯ ಬದಲು ಮುಚ್ಚಿದ ಛತ್ರಿಯೊಂದನ್ನು ಹಾಕುವ ಯೋಜನೆ ನನ್ನದೇ. ‘ಬರೊಬ್ಬರಿ’ ಎಂದು ಅಕ್ಷರಗಳಲ್ಲೇ ಬರೆಯೋಣವೆಂದು ಗೆಳತಿಯರು ಹಟ ಹಿಡಿದಿದ್ದರು. ಗವಂತಿಯಲ್ಲಿ ಅಡ್ಡ, ಉದ್ದ, ಓರೆ ಗೆರೆಗಳಷ್ಟೇ ಸಾಧ್ಯ, ದುಂಡಗಿನ ಕನ್ನಡ ಅಕ್ಷರಗಳು ಅದರಲ್ಲಿ ಕೂರುವುದಿಲ್ಲವೆಂದು ನಾನೇ ಅವರನ್ನು ತಡೆದೆ. ಛತ್ರಿ ಮಾತ್ರ ಬಹಳ ಸೊಗಸಾಗಿ ಬಂತು. ಹಿಡಿಕೆಯ ಕೊಕ್ಕೆಯನ್ನು ಮೂರು ಮನೆಗಳಲ್ಲಿ ತಿರುಗಿಸಿದ ಆ ಕೆಲಸವನ್ನು ಇಂದು ನೋಡಿದರೂ ನನಗೆ ಮೆಚ್ಚುಗೆಯಾಗುತ್ತದೆ.

ಸಾಹೇಬರ ಕಣ್ಣು ಅದರ ಮೇಲೆಯೇ ಬಿತ್ತು. ಈ ಆನೆಯ ಮೇಲೆ ಇದೇನೆಂದು ಅವರು ಕೇಳಿದಾಗ ಮುಖ್ಯೋಪಾಧ್ಯಾಯಿನಿಯವರ ಮುಖ ಬಿಳಿಚಿತು, ನಮ್ಮ ಸಾಲಿನಲ್ಲಿ ಯಾರೋ ನಗು ತಡೆಯಲಾರದೆ ಕೆಮ್ಮಿದರು. ಅಕ್ಕೋರು ಒಂದಿಷ್ಟೂ ಅಳುಕದೆ, “ಛತ್ರ-ಚಾಮರ ರೀ, ರಾಜರ ಮೆರವಣಿಗಿ ಅಂದ್ರ ಇರಬೇಕಲ್ರಿ” ಎಂದರು. ಸಾಹೇಬರು ತಲೆಯಾಡಿಸಿದರು. ಹಿಂದೆ ನಿಂತಿದ್ದ ಗಣಿತದ ಮಾಸ್ತರರು ಮುಂದೆ ಬಂದು, ಕಂಕುಳಿನ ಛತ್ರಿಯನ್ನು ಹಾಗೆಯೇ ಒತ್ತಿಹಿಡಿದುಕೊಂಡು, ಹಾಸಿನ ತುದಿಯನ್ನು ಮಗುಚಿ ನೋಡಿದರು. “ಮುಂದೂ ಛತ್ರಿ, ಹಿಂದೂ ಛತ್ರಿ. ಬರೊಬ್ಬರಿ” ಎಂದರು. ಮರುದಿನ ಅಕ್ಕೋರು ನನ್ನನ್ನು ಕರೆದು ಬೈಯಲಿಲ್ಲ. ಎದುರಿನ ಅಂಚಿನಲ್ಲಿ ಅದೇ ಸ್ಥಾನದ ಆನೆಯ ಅಂಬಾರಿ ಬಿಚ್ಚಿಸಿ, ಅಲ್ಲಿಯೂ ಛತ್ರಿ ಹಾಕಿಸಿದರು. ಎದುರು ಬದುರು ಹೊಂದದಿದ್ದರೆ ಅದು ಕಸೂತಿಯಲ್ಲ ಎಂಬುದು ಅವರ ತೀರ್ಪು. ಬಿಚ್ಚುವುದು ಹಾಕುವುದಕ್ಕಿಂತ ಎಷ್ಟು ಹೆಚ್ಚಿನ ಕೆಲಸವೆಂದು ಕಸೂತಿ ಬಲ್ಲವರಿಗೆ ಹೇಳಬೇಕಾಗಿಲ್ಲ.

ಬಹಳ ವರ್ಷಗಳ ನಂತರ ಗಣಿತದ ಸಮ್ಮೇಳನವೊಂದಕ್ಕಾಗಿ ವಿಯೆನ್ನಾಕ್ಕೆ ಹೋಗುವ ಅವಕಾಶ ನನಗೆ ಒದಗಿತ್ತು. ಅಲ್ಲಿಯ ಕಲಾ ಸಂಗ್ರಹಾಲಯದಲ್ಲಿ ಹಾನ್ಸ್ ಹೋಲ್ಬೈನ್ 1536ರ ಸುಮಾರಿಗೆ ಬರೆದ ಇಂಗ್ಲೆಂಡಿನ ರಾಣಿ ಜೇನ್ ಸೀಮೋರಳ ಚಿತ್ರವಿದೆ. ಎಲ್ಲರೂ ಆಕೆಯ ಮುಖ ಮತ್ತು ಆಭರಣಗಳನ್ನು ನೋಡುತ್ತಿದ್ದರೆ ನಾನು ಮಣಿಕಟ್ಟಿನ ಹತ್ತಿರದ ಬಿಳಿಯ ಬಟ್ಟೆಯನ್ನೇ ನೋಡುತ್ತ ನಿಂತೆ: ಕಪ್ಪು ದಾರದಲ್ಲಿ ಹಾಕಿದ ಕಸೂತಿ. ಹೋಗಿ ಮರಳುವ ಈ ಹೊಲಿಗೆಗೆ ಯುರೋಪಿನವರು ಆ ಚಿತ್ರಕಾರನ ಹೆಸರನ್ನೇ ಇಟ್ಟಿದ್ದಾರೆ. ಕೊರಳಪಟ್ಟಿ ಮತ್ತು ತೋಳಿನ ಅಂಚುಗಳು ಎರಡೂ ಕಡೆಯಿಂದ ಕಾಣುವುದರಿಂದ ಅವರಿಗೂ ಅಂಥದೇ ಹೊಲಿಗೆ ಬೇಕಾಗಿತ್ತು. ಊರಿಗೆ ಮರಳಿ ಅಕ್ಕೋರಿಗೆ ಈ ಸಂಗತಿ ಹೇಳಿದಾಗ ಅವರು ಕೇಳಿದ ಪ್ರಶ್ನೆ ಒಂದೇ, ಹಿಂಬದಿ ನೋಡಿದೆಯಾ ಎಂದು. ಚಿತ್ರಪಟದ ಹಿಂಬದಿ ನೋಡಲು ಬಿಡುವುದಿಲ್ಲವೆಂದೆ. ಅವರಿಗೆ ಅದು ಸಮಾಧಾನವಾಗಲಿಲ್ಲ.

ಇಂದು ಕಸೂತಿಗೆ ಭೌಗೋಳಿಕ ಸೂಚಿಯ ಮಾನ್ಯತೆಯಿದೆ, ಸಭೆಗಳಲ್ಲಿ ಗಣ್ಯರಿಗೆ ಕಸೂತಿಯ ಶಾಲು ಹೊದಿಸುತ್ತಾರೆ. ಶಾಲೆಗಳಲ್ಲಿ ಮಾತ್ರ ಅದಕ್ಕೆ ವೇಳೆಯಿಲ್ಲ. ವೇಳಾಪಟ್ಟಿಯಲ್ಲಿ ಕಾರ್ಯಾನುಭವವೆಂದು ಬರೆದ ಅವಧಿಯಲ್ಲಿ ವಿಜ್ಞಾನದ ಪುನರಾವರ್ತನೆ ನಡೆಯುತ್ತದೆ, ಪ್ರಾಜೆಕ್ಟಿಗೆ ಬೇಕಾದ ಕಸೂತಿಯ ತುಂಡನ್ನು ಪಾಲಕರು ಅಂಗಡಿಯಿಂದ ತಂದುಕೊಡುತ್ತಾರೆ, ಅಂಕವೂ ಬರುತ್ತದೆ. ಮೊಬೈಲಿನ ವಿಡಿಯೋ ನೋಡಿ ಕಲಿಯುವ ಹುಡುಗಿಯರನ್ನು ನಾನು ದೂರುವುದಿಲ್ಲ. ಅವರಲ್ಲಿ ಕೆಲವರ ಕೈ ನಮ್ಮದಕ್ಕಿಂತ ಚುರುಕಾಗಿದೆ. ಆದರೆ ಆ ವಿಡಿಯೋಗಳಲ್ಲಿ ಹೆಚ್ಚಿನವು ಬಟ್ಟೆಯ ಮುಂಬದಿಯನ್ನಷ್ಟೇ ತೋರಿಸುತ್ತವೆ. ಯಂತ್ರದಲ್ಲಿ ಹಾಕಿದ್ದನ್ನು ಕೈಕಸೂತಿಯೆಂದು ಮಾರುವವರ ಅಂಗಡಿಯಲ್ಲಿಯೂ ಸೀರೆಯನ್ನು ಮಗುಚಿ ನೋಡುವ ಗ್ರಾಹಕರು ಕಡಿಮೆ.

ಕಳೆದ ಸ್ನೇಹಸಮ್ಮೇಳನದಲ್ಲಿ ಶಾಲೆಯ ಕಚೇರಿಗೆ ಹೋದಾಗ ನಮ್ಮ ಮೇಜಿನ ಹಾಸು ಗೋಡೆಯ ಮೇಲಿರುವುದನ್ನು ಕಂಡೆ. ಜೋಪಾನವಾಗಿ ಉಳಿಸಿದ್ದಕ್ಕೆ ಆಡಳಿತ ಮಂಡಳಿಗೆ ಕೃತಜ್ಞಳಾಗಿದ್ದೇನೆ. ಆದರೆ ಅದನ್ನು ಹಲಗೆಗೆ ಅಂಟಿಸಿ, ಗಾಜು ಹಾಕಿ, ಚೌಕಟ್ಟಿನಲ್ಲಿ ಬಂಧಿಸಿದ್ದಾರೆ. ದಯವಿಟ್ಟು ಅದನ್ನು ಬಿಡಿಸಿ, ಎರಡೂ ಕಡೆ ಗಾಜಿರುವ ಚೌಕಟ್ಟು ಮಾಡಿಸಬೇಕು. ಖರ್ಚನ್ನು ನಮ್ಮ ತಂಡದವರು ಹಂಚಿಕೊಳ್ಳುತ್ತೇವೆ. ವಾರಕ್ಕೆ ಒಂದು ಮಧ್ಯಾಹ್ನ ಶಾಲೆಯವರು ಬಿಟ್ಟುಕೊಟ್ಟರೆ ಗವಂತಿ ಕಲಿಸಲು ನಾನು ಸಿದ್ಧಳಿದ್ದೇನೆ. ಮ್ಯಾಟಿ ಬಟ್ಟೆ, ಸೂಜಿ, ದಾರ ನಾನೇ ತರುತ್ತೇನೆ, ಮಕ್ಕಳು ಪೆನ್ಸಿಲ್ ತರಕೂಡದು. ಗಣಿತ ಕಲಿಸುವವರಿಗೆ ಬಿಡುವಿದ್ದರೆ ಅವರೂ ಬಂದು ಹಿಂದಿನ ಬೆಂಚಿನಲ್ಲಿ ಕೂಡಬಹುದು. ಆಡಳಿತ ಮಂಡಳಿ ಒಪ್ಪಿದರೆ ಜೂನ್ ತಿಂಗಳಿನಿಂದಲೇ ಆರಂಭಿಸಬಹುದು.