ಧೋಲ್‌ಪುರ್ ಹೌಸ್‌ನಲ್ಲಿ ಕನ್ನಡದಲ್ಲಿ ಉತ್ತರಿಸುವವರಿಗೆ

ಯುಪಿಎಸ್‌ಸಿ ನಾಗರಿಕ ಸೇವಾ ಪರೀಕ್ಷೆಯ ಸಂದರ್ಶನಕ್ಕೆ 275 ಅಂಕ. ಮುಖ್ಯ ಪರೀಕ್ಷೆಯ 1750 ಸೇರಿದರೆ ಒಟ್ಟು 2025. ಸಂದರ್ಶನದಲ್ಲಿ ಕನಿಷ್ಠ ಇಷ್ಟು ಬರಲೇಬೇಕೆಂಬ ನಿಯಮವಿಲ್ಲ, ಆದರೆ ಯಾವ ಸೇವೆ ಸಿಗುತ್ತದೆ ಎಂಬುದು ಎಷ್ಟೋ ಸಲ ಇಲ್ಲೇ ಅದಲುಬದಲಾಗುತ್ತದೆ. ದಿಲ್ಲಿಯ ಶಾಜಹಾನ್ ರಸ್ತೆಯಲ್ಲಿರುವ ಯುಪಿಎಸ್‌ಸಿ ಕಚೇರಿ ಧೋಲ್‌ಪುರ್ ಹೌಸ್‌ನಲ್ಲಿ ಸುಮಾರು ಅರ್ಧ ಗಂಟೆ ನಡೆಯುವ ಈ ಮಾತುಕತೆಯನ್ನು ಕನ್ನಡದಲ್ಲೇ ನಡೆಸಬಹುದು. ಮಾಧ್ಯಮವನ್ನು ಅರ್ಜಿ ತುಂಬುವಾಗಲೇ ತೀರ್ಮಾನಿಸಬೇಕು. ಯೋಚನೆ ಕನ್ನಡದಲ್ಲೇ ಓಡುವವರು ಅಳುಕಿನಿಂದ ಇಂಗ್ಲಿಷ್ ಬರೆದುಬಿಡುವುದು ದೊಡ್ಡ ನಷ್ಟ.

ಪಠ್ಯಕ್ರಮ ಇಲ್ಲ ಅನ್ನುತ್ತಾರೆ. ಇದೆ, ಅದನ್ನು ಅಭ್ಯರ್ಥಿಯೇ ಬರೆದುಕೊಟ್ಟಿರುತ್ತಾನೆ. ಡಿಎಎಫ್ ಎಂದು ಕರೆಯುವ ಆ ವಿವರವಾದ ಅರ್ಜಿಯನ್ನು ಆಧರಿಸಿಯೇ ಬಹುಪಾಲು ಪ್ರಶ್ನೆಗಳು ಹುಟ್ಟುತ್ತವೆ. ಮುಖ್ಯ ಪರೀಕ್ಷೆಯ ಅಂಕ ಮಂಡಳಿಗೆ ಗೊತ್ತಿರುವುದಿಲ್ಲ. ಊರಿನ ಹೆಸರಿನಿಂದ ಶುರುಮಾಡಿ. ಊರು ರಾಯಚೂರು ಎಂದಿದ್ದರೆ ಮಸ್ಕಿಯ ಅಶೋಕನ ಶಾಸನ, ಹಟ್ಟಿಯ ಚಿನ್ನದ ಗಣಿ, ಶಕ್ತಿನಗರದ ವಿದ್ಯುತ್ ಸ್ಥಾವರ, ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371ಜೆ ವಿಧಿ ಬಂದೇ ಬರುತ್ತವೆ ಎಂದುಕೊಂಡು ಕೂರಬೇಕು. ತುಂಗಭದ್ರೆ ಒಂದೇ ಸಾಕು, ಹತ್ತು ಪ್ರಶ್ನೆ ಆಗುತ್ತದೆ. ಜಲಾಶಯದ ಮೂಲ ಸಾಮರ್ಥ್ಯ 133 ಟಿಎಂಸಿ, ಹೂಳು ತುಂಬಿ ಈಗ ಸುಮಾರು 105. ಈ ಎರಡು ಅಂಕಿ ಹೇಳಿದ ಕೂಡಲೇ ಮುಂದಿನದು ಬರುತ್ತದೆ: ಹೂಳು ಯಾಕೆ ತೆಗೆಯುವುದಿಲ್ಲ? ತೆಗೆದದ್ದನ್ನು ಎಲ್ಲಿ ಹಾಕುವುದು, ಖರ್ಚು ಯಾರದು, ಬದಲಿಗೆ ನವಲಿಯಲ್ಲಿ ಸಮತೋಲನ ಜಲಾಶಯ ಕಟ್ಟುವ ಪ್ರಸ್ತಾವಕ್ಕೆ ಆಂಧ್ರ, ತೆಲಂಗಾಣಗಳ ಒಪ್ಪಿಗೆ ಏಕೆ ಬೇಕು. 2024ರ ಆಗಸ್ಟ್‌ನಲ್ಲಿ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದ ಮೇಲೆ ಅಣೆಕಟ್ಟಿನ ಸುರಕ್ಷತೆಯೂ ಸೇರಿಕೊಂಡಿದೆ. ಹೀಗೆ ಡಿಎಎಫ್‌ನ ಪ್ರತಿ ಪದಕ್ಕೂ ಮೂರು ಹೆಜ್ಜೆ ಆಳಕ್ಕೆ ಹೋಗಬೇಕು: ಏನು, ಏಕೆ ಹೀಗಿದೆ, ನೀವಾದರೆ ಏನು ಮಾಡುತ್ತೀರಿ. ಹವ್ಯಾಸದ ಜಾಗದಲ್ಲಿ ‘ಓದುವುದು’ ಎಂದಷ್ಟೇ ಬರೆದವರು ಎರಡನೇ ಹೆಜ್ಜೆಯಲ್ಲೇ ನಿಂತುಬಿಡುತ್ತಾರೆ.

ಇನ್ನು ನಿಮ್ಮ ಕನ್ನಡವನ್ನು ಮಂಡಳಿಗೆ ಅನುವಾದಿಸಿ ಹೇಳುವ ದುಭಾಷಿಯ ವಿಷಯ. ಕನ್ನಡದ ಅಭ್ಯರ್ಥಿಗಳು ಅಂಕ ಕಳೆದುಕೊಳ್ಳುವುದು ಹೆಚ್ಚಾಗಿ ಇಲ್ಲೇ, ಅಭ್ಯಾಸ ಮಾಡದೆ ಹೋಗುವುದೂ ಇದನ್ನೇ. ಪ್ರತಿ ಉತ್ತರವೂ ಎರಡು ಸಲ ಹೇಳಿದಂತಾಗುವುದರಿಂದ ಪ್ರಶ್ನೆಗಳ ಸಂಖ್ಯೆ ಕಡಿಮೆಯಾಗುತ್ತದೆ, ಪ್ರತಿಯೊಂದರ ತೂಕ ಹೆಚ್ಚುತ್ತದೆ. ಹಾಗಾಗಿ ನಿಲುವು ಮೊದಲ ವಾಕ್ಯದಲ್ಲೇ ಬರಲಿ, ಕಾರಣ ಆಮೇಲೆ. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಉದ್ದದ ವಾಕ್ಯವಾದರೆ ಅದು ಬರುವವರೆಗೆ ದುಭಾಷಿ ಕಾಯುತ್ತಾರೆ, ನಡುವಿನ ಅರ್ಧ ಸೋರಿಹೋಗುತ್ತದೆ. ಎಂಟು ಹತ್ತು ಪದಗಳ ವಾಕ್ಯ, ಎರಡು ಮೂರು ವಾಕ್ಯಕ್ಕೊಂದು ನಿಲುಗಡೆ ಸರಿಯಾದ ಅಳತೆ. ‘ವಿತ್ತೀಯ ಕೊರತೆ’ ಎನ್ನುವ ಬದಲು ‘ಫಿಸ್ಕಲ್ ಡೆಫಿಸಿಟ್’ ಎಂದೇ ಹೇಳಿ, ಸದಸ್ಯರಿಗೆ ನೇರವಾಗಿ ಕೇಳಿಸಲಿ. ಕನ್ನಡ ಸಾಹಿತ್ಯ ಐಚ್ಛಿಕವಾಗಿದ್ದವರು ವಚನದ ಸಾಲನ್ನು ಹೇಳಿ ಸುಮ್ಮನಾಗಬಾರದು, ಅದರ ತಾತ್ಪರ್ಯವನ್ನು ಸರಳವಾಗಿ ತಾವೇ ಬಿಡಿಸಬೇಕು. ಗಾದೆಗೂ ಇದೇ ಮಾತು. ಕಣ್ಣು ಪ್ರಶ್ನೆ ಕೇಳಿದ ಸದಸ್ಯರ ಮೇಲಿರಲಿ, ದುಭಾಷಿಯ ಮೇಲಲ್ಲ. ಪ್ರಶ್ನೆ ಇಂಗ್ಲಿಷಿನಲ್ಲೇ ಅರ್ಥವಾಗಿದ್ದರೆ, ಅದು ಕನ್ನಡಕ್ಕೆ ಬರುವಷ್ಟು ಹೊತ್ತು ಯೋಚಿಸಲು ಸಿಕ್ಕ ಬಿಡುವು.

ಅಭ್ಯಾಸಕ್ಕೆ ಇಬ್ಬರು ಗೆಳೆಯರು ಸಾಕು. ಒಬ್ಬರು ಇಂಗ್ಲಿಷಿನಲ್ಲಿ ಕೇಳಲಿ, ಇನ್ನೊಬ್ಬರು ಅನುವಾದಿಸಲಿ. ಅನುವಾದದಲ್ಲಿ ಏನು ಬಿಟ್ಟುಹೋಯಿತು ಎಂದು ರೆಕಾರ್ಡ್ ಮಾಡಿಕೊಂಡು ಕೇಳಿ. ಕೋಚಿಂಗ್ ಕೇಂದ್ರಗಳ ಅಣಕು ಸಂದರ್ಶನ ನಾಲ್ಕೈದಕ್ಕಿಂತ ಹೆಚ್ಚು ಬೇಡ, ಎಲ್ಲರ ಉತ್ತರವೂ ಒಂದೇ ರಾಗಕ್ಕೆ ಬಂದುಬಿಡುತ್ತದೆ.

ಜನವರಿಯಲ್ಲಿ ದಿನಾಂಕ ಬಂದಿದ್ದರೆ ದಿಲ್ಲಿಯ ಮಂಜಿಗೆ ವಿಮಾನ, ರೈಲು ಎರಡೂ ತಡವಾಗುತ್ತವೆ. ಎರಡು ದಿನ ಮೊದಲೇ ತಲುಪಿ. ಮೊಬೈಲ್ ಒಳಗೆ ಬಿಡುವುದಿಲ್ಲ. ಕರೆಪತ್ರ, ಗುರುತಿನ ಚೀಟಿ, ಹತ್ತನೇ ತರಗತಿ ಮತ್ತು ಪದವಿಯ ಮೂಲ ಪ್ರಮಾಣಪತ್ರ, ಮೀಸಲಾತಿ ಇದ್ದರೆ ಅದರದ್ದು, ಎಲ್ಲವನ್ನೂ ಪರಿಶೀಲಿಸುತ್ತಾರೆ. ಹೆಸರಿನ ಕಾಗುಣಿತದಲ್ಲಿ ವ್ಯತ್ಯಾಸವಿದ್ದರೆ ಊರಲ್ಲೇ ಸರಿಮಾಡಿಸಿಕೊಳ್ಳಿ. ಆಮೇಲೆ ಸರದಿ ಬರುವವರೆಗೆ ಕಾಯುವುದು.

ಗೊತ್ತಿಲ್ಲದ್ದಕ್ಕೆ ‘ಗೊತ್ತಿಲ್ಲ ಸರ್’ ಎಂದರೆ ಮುಗಿಯಿತು. ಊಹಿಸುವುದಾದರೆ ಊಹೆ ಎಂದು ಹೇಳಿಯೇ ಊಹಿಸಿ. ಆದರೆ ಅಭಿಪ್ರಾಯ ಕೇಳಿದಾಗ ಗೊತ್ತಿಲ್ಲ ಎನ್ನುವಂತಿಲ್ಲ. ‘ಕಾಲುವೆಯ ಕೊನೆ ಭಾಗಕ್ಕೆ ನೀರು ತಲುಪುತ್ತಿಲ್ಲ, ಮೇಲ್ಭಾಗದ ರೈತರಿಗೆ ಭತ್ತ ಬಿಡಿ ಎನ್ನುತ್ತೀರಾ?’ ಎಂದು ಒಬ್ಬ ಸದಸ್ಯರು ಒತ್ತಿ ಕೇಳಬಹುದು. ಹೌದು ಎಂದರೂ ಇಲ್ಲ ಎಂದರೂ ತಕರಾರು ತೆಗೆಯುತ್ತಾರೆ. ಅದು ಕೋಪವಲ್ಲ, ಪರೀಕ್ಷೆ. ನಿಲುವು ಬದಲಿಸದೆ ಅವರ ಮಾತಿನಲ್ಲಿ ಸರಿಯಿರುವುದನ್ನು ಒಪ್ಪಿ ಮುಂದುವರಿಯಿರಿ: ಭತ್ತ ಬಿಟ್ಟವನ ಜೋಳವನ್ನು ಬೆಂಬಲ ಬೆಲೆಗೆ ಕೊಂಡು ಪಡಿತರಕ್ಕೆ ಕೊಡಬೇಕು, ಸರದಿ ನೀರಿನ ವೇಳಾಪಟ್ಟಿಯನ್ನು ಬಿತ್ತನೆಗೆ ಮೊದಲೇ ಪ್ರಕಟಿಸಬೇಕು, ಅಕ್ರಮ ಪಂಪ್‌ಸೆಟ್ ತೆಗೆಸುವುದು ಆಮೇಲಿನ ಕೆಲಸ.