ಅಂಗಳದಲ್ಲಿ ಮಲಗಿದ ನೆಂಟರು

"ನಮ್ಮನೆ ಮಂಚಕ್ಕೆ ಏನು ರೋಗ ಬಂದಿತ್ತು?"

ಅವಳು ಇದನ್ನು ನನ್ನ ಮುಖ ನೋಡಿ ಕೇಳಲಿಲ್ಲ. ಒಲೆ ಮೇಲಿದ್ದ ಒಗ್ಗರಣೆ ಸೌಟನ್ನು ಕೇಳಿದಳು. ಸಾಸಿವೆ ಚಟಪಟ ಅಂತು. ನಾನು ತೆಪ್ಪಗೆ ಈರುಳ್ಳಿ ಹೆಚ್ಚುತ್ತಾ ನಿಂತೆ.

ನಾವಿಬ್ಬರೂ ನಿವೃತ್ತರಾಗಿ 3 ವರ್ಷ ಆಯಿತು. ಇರುವುದು ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೋದಲ್ಲಿ. ಜುಲೈನಲ್ಲಿ ಅಲ್ಲಿ 40 ಡಿಗ್ರಿ, ಊರಿಗೆ ಊರೇ ಕಾದ ಕಾವಲಿ. ಕಳೆದ ಬೇಸಿಗೆಯಲ್ಲಿ ಹನ್ನೆರಡು ದಿನಕ್ಕೆ ಒಂದು ಆರ್‌ವಿ ಬಾಡಿಗೆಗೆ ತಗೊಂಡೆವು. 25 ಅಡಿ ಉದ್ದದ ಗಾಡಿ. ಒಳಗೆ ಮಂಚ, ಮೂರು ಒಲೆ, ಪುಟ್ಟ ಫ್ರಿಜ್, ಬಚ್ಚಲು ಎಲ್ಲ ಇದೆ. ವಿಡಿಯೊ ಕಾಲಿನಲ್ಲಿ ಅಕ್ಕನಿಗೆ ತೋರಿಸಿದರೆ "ಲಾರಿಯೊಳಗೆ ಸಂಸಾರ ಹೂಡಿದ್ದೀರಲ್ಲೇ" ಅಂತ ನಕ್ಕಳು. ನಮ್ಮ ಲೆಕ್ಕ ಇಷ್ಟೇ. 101ನೇ ಹೆದ್ದಾರಿ ಹಿಡಿದು ಪೆಸಿಫಿಕ್ ಕಡಲಂಚಿನಲ್ಲಿ ಉತ್ತರಕ್ಕೆ ಹೋಗುವುದು. ದಾರಿಯಲ್ಲಿ ಹಳೇ ಸ್ನೇಹಿತರನ್ನು ನೋಡುವುದು. ಯಾರ ಮನೆಯಲ್ಲೂ ಮಲಗದೇ ಇರುವುದು.

ಆ ಕೊನೆಯದಕ್ಕಾಗಿಯೇ ಈ ಗಾಡಿ. ಇವರಿಗೆ ರಾತ್ರಿ ನಾಲ್ಕು ಸಲ ಏಳಬೇಕು. ನನಗೆ ಶುಗರ್, ಬೆಳಿಗ್ಗೆ ಆರಕ್ಕೆ ಹೊಟ್ಟೆಗೆ ಏನಾದರೂ ಬೀಳದಿದ್ದರೆ ಕೈ ನಡುಗುತ್ತೆ. ಹಿಂದೊಮ್ಮೆ ಸ್ನೇಹಿತರೊಬ್ಬರ ಮನೆಗೆ ಹೋಗಿದ್ದಾಗ ಆ ಮನೆಯಾಕೆ ಮಂಡಿ ಆಪರೇಷನ್ ಆದ ಕಾಲಲ್ಲೇ ನಿಂತು ನಮಗೆ ಹೋಳಿಗೆ ಮಾಡಿ ಹಾಕಿದ್ದರು. ವಾಪಸ್ ಬರುವಾಗ ಕಾರಿನಲ್ಲಿ ಇಬ್ಬರೂ ಮಾತಾಡಲಿಲ್ಲ. ಇನ್ನು ಯಾರಿಗೂ ಭಾರ ಆಗಬಾರದು ಅಂತ ಅವತ್ತೇ ಮನಸ್ಸಿನಲ್ಲಿ ಬಂದುಬಿಟ್ಟಿತ್ತು.

ಮೊದಲ ಎರಡು ದಿನ ಇವರು ಸ್ಟೀರಿಂಗ್ ಹಿಡಿದದ್ದು ಮದುವೆ ದಿನ ನನ್ನ ಕೈ ಹಿಡಿದ ಹಾಗೆ, ಬೆವರುತ್ತಾ. ಗಾಡಿಯ ಎತ್ತರವನ್ನು ಚೀಟಿಯಲ್ಲಿ ಬರೆದು ಡ್ಯಾಶ್‌ಬೋರ್ಡಿಗೆ ಅಂಟಿಸಿಕೊಂಡಿದ್ದರು: 11 ಅಡಿ 6 ಇಂಚು. ಪ್ರತಿ ತಿರುವಿನಲ್ಲೂ ಸ್ಟೀಲ್ ಡಬ್ಬಿಗಳು ಶೆಲ್ಫಿನ ಈ ತುದಿಯಿಂದ ಆ ತುದಿಗೆ ಓಡುತ್ತಿದ್ದವು. ರೆಡ್‌ವುಡ್ ಕಾಡಿನೊಳಗೆ 'ಅವೆನ್ಯೂ ಆಫ್ ದಿ ಜೈಂಟ್ಸ್' ಅಂತ 31 ಮೈಲಿಯ ಹಳೇ ರಸ್ತೆ ಇದೆ. 300 ಅಡಿ ದಾಟಿದ ಮರಗಳು. ನಾನು ಕತ್ತೆತ್ತಿ ತುದಿ ಹುಡುಕುತ್ತಿದ್ದೆ. ಇವರು ಮರದ ಬುಡಕ್ಕೂ ನಮ್ಮ ಕನ್ನಡಿಗೂ ಎಷ್ಟು ಇಂಚು ಇದೆ ಅಂತ ನೋಡುತ್ತಿದ್ದರು. ಒಂದೇ ಕಾಡು, ಇಬ್ಬರಿಗೂ ಬೇರೆ ಬೇರೆ.

ಆರ್‌ವಿ ಅಂದರೆ ಎಲ್ಲರೂ ಸೂರ್ಯ ಮುಳುಗುವ ಫೋಟೊ ಹಾಕುತ್ತಾರೆ. ಟ್ಯಾಂಕ್ ಖಾಲಿ ಮಾಡುವ ಫೋಟೊ ಯಾರೂ ಹಾಕುವುದಿಲ್ಲ. ಕಕ್ಕಸಿಗೆ ಒಂದು ಟ್ಯಾಂಕು, ಪಾತ್ರೆ ತೊಳೆದ ನೀರಿಗೆ ಇನ್ನೊಂದು. ಕ್ಯಾಂಪಿನ ಗುಂಡಿಗೆ ಕೊಳವೆ ಸಿಕ್ಕಿಸಿ ಮೊದಲು ಕಕ್ಕಸಿನದ್ದು ಬಿಡಬೇಕು. ಆಮೇಲೆ ಪಾತ್ರೆ ನೀರು, ಕೊಳವೆ ತೊಳೆದುಕೊಂಡು ಹೋಗಲಿ ಅಂತ. ಮೂವತ್ತು ವರ್ಷ ಊರಿಗೆಲ್ಲ ನೀರು ಕೊಟ್ಟ ಎಂಜಿನಿಯರ್ ಮೂಗಿಗೆ ಬಟ್ಟೆ ಕಟ್ಟಿ, ಕೈಗವಸು ಹಾಕಿ ಬಗ್ಗಿದರು. "ಇದೊಂದು ಬಾಕಿ ಇತ್ತು" ಅಂದರು.

ಯುರೇಕಾದಲ್ಲಿರುವ ಸ್ನೇಹಿತನ ಹೆಂಡತಿ ಹೋಗಿ ಎರಡು ವರ್ಷ. ನಾವು ಗಾಡಿ ನಿಲ್ಲಿಸಿದ ಸದ್ದಿಗೆ ಅವನೇ ಹೊರಗೆ ಬಂದ, ಬಾಗಿಲನ್ನು ಹಿಂದಿನಿಂದ ಎಳೆದುಕೊಂಡ. ಒಳಗೆ ಬನ್ನಿ ಅನ್ನಲಿಲ್ಲ. ಸಂದಿಯಲ್ಲಿ ರಟ್ಟಿನ ಡಬ್ಬಗಳ ರಾಶಿ ಕಂಡಿತು. ನಾವೂ ಕಾಣದವರ ಹಾಗೆ ಇದ್ದೆವು. ಆರ್‌ವಿ ಹತ್ತಿ ಕೂತ. ಚಹಾ ಮಾಡಿದೆ, ಅವಲಕ್ಕಿ ಕಲಸಿದೆ. ರಾತ್ರಿ ಹತ್ತಾದರೂ ಏಳಲಿಲ್ಲ. ಹೋಗುವಾಗ ತಟ್ಟೆ ಲೋಟ ತಾನೇ ತೊಳೆದು ಬೋರಲು ಹಾಕಿದ. ನಮ್ಮ ಪ್ಲಾನ್ ಎಷ್ಟು ಸರಿಯಾಗಿದೆ ಅನ್ನಿಸಿತು. ಅದೇ ಹುಮ್ಮಸ್ಸಿನಲ್ಲಿ ಒರೆಗಾನಿಗೆ ಕಾಲಿಟ್ಟೆವು.

ಅಲ್ಲಿನ ಪೆಟ್ರೋಲ್ ಬಂಕಿನಲ್ಲಿ ಹುಡುಗನೊಬ್ಬ ಬಂದು ಪೈಪ್ ಹಿಡಿದಾಗ ಮೈಸೂರಿನ ನೆನಪಾಯಿತು. 2023ರವರೆಗೆ ಈ ರಾಜ್ಯದಲ್ಲಿ ಬಹುಪಾಲು ಕಡೆ ನಾವೇ ಪೆಟ್ರೋಲ್ ಹಾಕಿಕೊಳ್ಳುವ ಹಾಗಿರಲಿಲ್ಲ. ಈಗ ಹಾಕಿಕೊಳ್ಳಬಹುದು, ಆದರೂ ಹಾಕಿಕೊಡುವವರು ಇದ್ದಾರೆ. ಇವರಿಗೆ ಇನ್ನೊಂದು ಸಂಗತಿ ಖುಷಿ ಕೊಟ್ಟಿತು. 1967ರ ಕಾನೂನಿನ ಪ್ರಕಾರ ಒರೆಗಾನಿನ 363 ಮೈಲಿ ಕಡಲತೀರದ ಮರಳಿನ ಮೇಲೆ ಯಾರು ಬೇಕಾದರೂ ಓಡಾಡಬಹುದು. ಮನೆ ಎಷ್ಟೇ ದೊಡ್ಡದಿರಲಿ, ಮರಳಿಗೆ ಬೇಲಿ ಹಾಕುವ ಹಾಗಿಲ್ಲ. ದಾರಿಯುದ್ದಕ್ಕೂ ಸುನಾಮಿ ಬಂದರೆ ಗುಡ್ಡ ಹತ್ತಿ ಅನ್ನುವ ನೀಲಿ ಬೋರ್ಡುಗಳು. ಅವನ್ನು ನೋಡಿದಾಗಲೆಲ್ಲ ನಾನು ಇವರ ಮಂಡಿ ನೋಡುತ್ತಿದ್ದೆ.

ಸಂಜೆ ನ್ಯೂಪೋರ್ಟಿನ ಯಕ್ವಿನಾ ಕೊಲ್ಲಿಯ ಸೇತುವೆ ದಾಟಿದೆವು. 1936ರಲ್ಲಿ ಕಟ್ಟಿದ್ದು, ಎತ್ತರದ ಹಸಿರು ಕಮಾನು. ಅಂದಿನ ಸಣ್ಣ ಕಾರುಗಳ ಅಳತೆಯ ರಸ್ತೆ. ಅಡ್ಡಗಾಳಿಗೆ ಗಾಡಿ ಒಂದು ಸಲ ತೊನೆದಾಡಿತು. ನಾನು ರಾಯರನ್ನು ನೆನೆದೆ.

ಅಲ್ಲಿರುವವನು ಮೀನು ಡಾಕ್ಟರ್. ಇವರೂ ಅವನೂ 1983ರಲ್ಲಿ ಕೊರ್ವಾಲಿಸ್‌ನ ಒರೆಗಾನ್ ಸ್ಟೇಟ್ ಯೂನಿವರ್ಸಿಟಿಯಲ್ಲಿ ಒಂದೇ ರೂಮಿನಲ್ಲಿದ್ದವರು, ಒಂದೇ ಕುಕ್ಕರಿನಲ್ಲಿ ಅನ್ನ ಬೇಯಿಸಿಕೊಂಡವರು. ಅವನು ಮಂಗಳೂರಿನ ಮೀನುಗಾರಿಕೆ ಕಾಲೇಜಿನಲ್ಲಿ ಓದಿ ಬಂದವನು. ಅದು 1969ರಲ್ಲಿ ಶುರುವಾದ ದೇಶದ ಮೊದಲ ಮೀನುಗಾರಿಕೆ ಕಾಲೇಜು ಅನ್ನುವುದನ್ನು ಪ್ರತಿ ಭೇಟಿಯಲ್ಲೂ ಒಮ್ಮೆ ಹೇಳುತ್ತಾನೆ. ಆ ಯೂನಿವರ್ಸಿಟಿಯದ್ದೇ ಹ್ಯಾಟ್‌ಫೀಲ್ಡ್ ಸಾಗರ ವಿಜ್ಞಾನ ಕೇಂದ್ರ ನ್ಯೂಪೋರ್ಟಿನಲ್ಲಿದೆ. ಅಲ್ಲೇ ಕೆಲಸ ಮಾಡಿ, ಅಲ್ಲೇ ನಿವೃತ್ತನಾಗಿ, ಕಡಲು ಬಿಟ್ಟಿರಲಾರದೆ ಅಲ್ಲೇ ಉಳಿದ. ಹೆಂಡತಿ ಉಡುಪಿ ಕಡೆಯವಳು. ಅವಳ ಕಡಲು ಬೇರೆಯೇ, ಅದು ಬೆಚ್ಚಗಿನದು ಅಂತ ಅವಳು ಇವತ್ತಿಗೂ ಹೇಳುತ್ತಾಳೆ.

ನಾವು ಇಳಿಯುತ್ತಿದ್ದಂತೆ ಅವಳು ಸೀದಾ ಮಲಗುವ ಕೋಣೆಗೆ ಕರೆದುಕೊಂಡು ಹೋದಳು. ಹೊಸ ಬೆಡ್‌ಶೀಟು, ಮಡಚಿಟ್ಟ ಟವಲು. ಇವರು ರಾತ್ರಿ ಏಳುತ್ತಾರೆ ಅಂತ ಯಾರು ಹೇಳಿದ್ದರೋ, ಬಚ್ಚಲಿನ ದಾರಿಗೆ ಒಂದು ಸಣ್ಣ ದೀಪ ಕೂಡ ಹಾಕಿಟ್ಟಿದ್ದಳು. ನಾನು ದೊಡ್ಡ ಉಪಕಾರ ಮಾಡುವವಳ ಹಾಗೆ "ಬೇಡ ಕಣೇ, ನಮ್ಮ ಮನೆ ಜೊತೆಗೇ ಬಂದಿದೆ" ಅಂದೆ. ಅವಳು "ಓ, ಹೌದಾ" ಅಂದಳು. ಅಷ್ಟೇ.

ಮೀನು ಡಾಕ್ಟರ್ ಗ್ಯಾರೇಜಿನಿಂದ ಉದ್ದದ ವೈರ್ ಎಳೆದುಕೊಟ್ಟ. ಕ್ಯಾಂಪುಗಳಲ್ಲಿ ಈ ಗಾಡಿಗೆ 30 ಆಂಪ್ಸ್ ಪ್ಲಗ್ ಇರುತ್ತೆ. ಮನೆಯ ಪ್ಲಗ್ 15 ಆಂಪ್ಸಿನದು, ನಡುವೆ ಒಂದು ಅಡಾಪ್ಟರ್ ಸಿಕ್ಕಿಸಬೇಕು. ಎರಡು ದೊಡ್ಡ ಸಾಮಾನು ಒಟ್ಟಿಗೆ ಹಚ್ಚಬಾರದು ಅಂತ ಇವರು ನನಗೆ ಪಾಠ ಹೇಳಿದರು. ಆ ಅಡಾಪ್ಟರನ್ನು ಹೊರಗೆ ನೆಲದ ಮೇಲೇ ಬಿಟ್ಟವರು ಯಾರು ಅಂತ ನಾನು ಇಲ್ಲಿ ಬರೆಯುವುದಿಲ್ಲ.

ಜುಲೈ ತಿಂಗಳಾದರೂ ರಾತ್ರಿ 11 ಡಿಗ್ರಿ. ಕಡಲಿನಿಂದ ಮಂಜು ಬಂತು, ಹಿಂದೆಯೇ ಜಿಟಿಜಿಟಿ ಮಳೆ. ನಾವು ಸಣ್ಣ ಕರೆಂಟ್ ಹೀಟರ್ ಹಚ್ಚಿ ಮಲಗಿದೆವು. ಒಂದು ಗಂಟೆ ಹೊತ್ತಿಗೆ ಅದು ಟಪ್ ಅಂತ ಆರಿತು. ದೀಪಗಳು ಮಾತ್ರ ಇದ್ದವು, ಅವು ಗಾಡಿಯ ಬ್ಯಾಟರಿಯವು.

"ಎಬ್ಬಿಸೋಣವಾ?" ಅಂದೆ.

"ಬೇಡ, ಪಾಪ. ಇಷ್ಟು ಹೊತ್ತಲ್ಲಿ ಯಾಕೆ ತೊಂದರೆ."

ಗಾಡಿಯ ಗ್ಯಾಸ್ ಹೀಟರ್ ಹಚ್ಚಿದೆವು. ಅದು ಗಿರಣಿ ಹಾಗೆ ಸದ್ದು ಮಾಡುತ್ತೆ, ಆದರೆ ಬೆಚ್ಚಗಿಡುತ್ತೆ. ಬೆಳಿಗ್ಗೆ ಹೇಳೋಣ ಅಂದುಕೊಂಡೆವು. ಬೆಳಿಗ್ಗೆ ಅವಳು ನೀರುದೋಸೆ ಹಾಕುತ್ತಿದ್ದಳು. ಹೇಗೂ ಗ್ಯಾಸ್ ನಡೆಯುತ್ತಿದೆಯಲ್ಲ, ಸುಮ್ನೆ ಯಾಕೆ ಅಂತ ಹೇಳಲಿಲ್ಲ.

ಅವತ್ತು ಯಕ್ವಿನಾ ಹೆಡ್ ದೀಪಸ್ತಂಭಕ್ಕೆ ಹೋದೆವು. 1873ರದ್ದು, 93 ಅಡಿ, ಒರೆಗಾನಿನಲ್ಲೇ ಎತ್ತರದ್ದು. ನನಗೆ ಇಷ್ಟವಾದದ್ದು ಅದರ ಕೆಳಗಿನ ತೀರ. ಅಲ್ಲಿ ಮರಳಿಲ್ಲ, ಬರೀ ಕಪ್ಪು ಗುಂಡುಕಲ್ಲು. ಅಲೆ ಹಿಂದಕ್ಕೆ ಸರಿಯುವಾಗ ಕಲ್ಲುಗಳೆಲ್ಲ ಒಂದರ ಮೇಲೊಂದು ಉರುಳಿ, ಮೊರದಲ್ಲಿ ಕಡಲೆಕಾಯಿ ಕೇರಿದ ಹಾಗೆ ಸದ್ದು. ಕಣ್ಣು ಮುಚ್ಚಿ ಕೂತರೆ ನಮ್ಮ ಅಜ್ಜಿ ಮನೆ ಹಿತ್ತಿಲು.

ಇಷ್ಟೊಂದು ಚಳಿ ಯಾಕೆ ಅಂತ ಕೇಳಿದ್ದೇ ತಪ್ಪಾಯಿತು, ಮೀನು ಡಾಕ್ಟರ್ ಶುರು ಮಾಡಿದ. ಬೇಸಿಗೆಯಲ್ಲಿ ಇಲ್ಲಿ ಉತ್ತರದ ಗಾಳಿ. ಅದು ಮೇಲಿನ ನೀರನ್ನು ತೀರದಿಂದ ಆಚೆ ತಳ್ಳುತ್ತೆ. ಆ ಜಾಗಕ್ಕೆ ಆಳದ ತಣ್ಣನೆ ನೀರು ಎದ್ದು ಬರುತ್ತೆ, ಜೊತೆಗೆ ಮೀನಿಗೆ ಬೇಕಾದ ಸತ್ವವೆಲ್ಲ. ಅದಕ್ಕೇ ಇಷ್ಟು ಮಂಜು, ಇಷ್ಟು ಮೀನು. "ನಮ್ಮ ಮಲ್ಪೆಯಲ್ಲೂ ಇದೇ ಕತೆ ಮಾರಾಯ" ಅಂದ. "ಮಳೆಗಾಲದಲ್ಲಿ ಕೆಳಗಿನ ನೀರು ಮೇಲೆ ಬರ್ತದೆ. ಬೂತಾಯಿ, ಬಂಗುಡೆ ಎಲ್ಲ ಅದರ ಕೃಪೆ." ಅಲ್ಲಿ ಜೂನ್ 1ರಿಂದ 61 ದಿನ ಯಾಂತ್ರಿಕ ದೋಣಿ ಇಳಿಸುವ ಹಾಗಿಲ್ಲ ಅನ್ನುವುದನ್ನು ಹೇಳುವಾಗ, ಆ ರಜೆ ತನಗೇ ಕೊಟ್ಟದ್ದು ಅನ್ನುವಷ್ಟು ಖುಷಿ ಅವನ ಮುಖದಲ್ಲಿ.

ಎರಡನೇ ರಾತ್ರಿಯೂ ಗ್ಯಾಸಿನಲ್ಲೇ ಕಳೆದೆವು.

ಮೂರನೇ ದಿನ ಬೆಳಿಗ್ಗೆ ಅವಳು ತೆಂಗಿನತುರಿ ತರಲು ಗ್ಯಾರೇಜಿಗೆ ಹೋದಳು. "ಅಯ್ಯೋ" ಅನ್ನುವುದು ಕೇಳಿಸಿತು. ಹೋಗಿ ನೋಡಿದರೆ ನೆಲದಲ್ಲಿ ನೀರು. ಹಳೇ ಫ್ರೀಜರ್, ಅರ್ಧ ತುಂಬಿದ್ದು, ಬಾಗಿಲಿನ ರಬ್ಬರ್ ಸಡಿಲ. ನಮ್ಮ ಗಾಡಿಗೆ ಕೊಟ್ಟ ಪ್ಲಗ್ಗಿನ ಸಾಲಿನಲ್ಲೇ ಅದೂ ಇತ್ತು. ಒದ್ದೆ ತಗುಲಿದರೆ ಜೀವ ಉಳಿಸಲು ತಾನೇ ಕರೆಂಟ್ ಕಡಿಯುವ ಪ್ಲಗ್ ಅದು. ಮಳೆನೀರು ಅಡಾಪ್ಟರಿಗೆ ಹೊಕ್ಕಿದೆ, ಪ್ಲಗ್ ತನ್ನ ಕೆಲಸ ಮಾಡಿದೆ. ಮೀನು ಡಾಕ್ಟರ್ ನಮ್ಮ ವೈರ್ ಕಿತ್ತು, ಪ್ಲಗ್ಗಿನ ನಡುವಿನ ಗುಂಡಿ ಒತ್ತಿದ. ಕಿರುಬೆರಳಿನ ಉಗುರಿನಷ್ಟು ಗುಂಡಿ. ಫ್ರೀಜರ್ ಗುರ್ ಅಂತ ಶುರುವಾಯಿತು.

"ಯಾವಾಗ ಹೋಯ್ತು ಕರೆಂಟು?" ಅಂದ.

ಇವರು ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ. "ಮೊನ್ನೆ ರಾತ್ರಿ ಒಂದು ಗಂಟೆಗೆ" ಅಂದರು ಇವರು, ಪರೀಕ್ಷೆಯಲ್ಲಿ ನಕಲು ಮಾಡಿ ಸಿಕ್ಕಿಬಿದ್ದ ಹುಡುಗನ ದನಿಯಲ್ಲಿ.

ಪ್ಯಾಕೆಟ್ಟುಗಳೆಲ್ಲ ನೆಲಕ್ಕೆ ಬಂದವು. ಪ್ರತಿಯೊಂದಕ್ಕೂ ಅಂಟುಪಟ್ಟಿ, ಅದರ ಮೇಲೆ ಅವಳ ಗುಂಡಗಿನ ಕನ್ನಡ ಅಕ್ಷರ. 'ಹಿತಕವರೆ, ಜನವರಿ'. 'ಕೆಸುವಿನೆಲೆ, ಪತ್ರೊಡೆಗೆ'. 'ಹಲಸಿನ ತೊಳೆ'. 'ನುಗ್ಗೆ'. ಎಲ್ಲ ಎರಡೂವರೆ ಗಂಟೆ ದೂರದ ಪೋರ್ಟ್‌ಲ್ಯಾಂಡ್ ಕಡೆಯಿಂದ ಹೊತ್ತು ತಂದದ್ದು. ಮೀನು ಡಾಕ್ಟರ್ ಥರ್ಮಾಮೀಟರ್ ಚುಚ್ಚುತ್ತಾ, ಬೆರಳಲ್ಲಿ ಒತ್ತುತ್ತಾ, ಮೂಸುತ್ತಾ ಎರಡು ಸಾಲು ಮಾಡಿದ. 4 ಡಿಗ್ರಿ ದಾಟಿದ್ದರೆ ಎಡಕ್ಕೆ, ಕಸಕ್ಕೆ. ತಾನೇ ಹಿಡಿದ ಸಾಲ್ಮನ್‌ನ ನಾಲ್ಕು ಪ್ಯಾಕೆಟ್ ಎಡಕ್ಕೆ ಇಡುವಾಗ ಕೈ ಒಂದು ಗಳಿಗೆ ತಡೆಯಿತು. ನಾವು ಮೀನು ತಿನ್ನುವವರಲ್ಲ, ಆದರೂ ಹೊಟ್ಟೆ ಚುರುಕ್ ಅಂತು. ಒಂದು ಪ್ಯಾಕೆಟ್ಟಿನ ಪಟ್ಟಿ ಅಳಿಸಿಹೋಗಿತ್ತು. ಅವನು ಸುವರ್ಣಗೆಡ್ಡೆ ಅಂದ, ಅವಳು ಬಾಳೆದಿಂಡು ಅಂದಳು. ಅದರ ಜಗಳ ಮುಗಿಯುವ ಹೊತ್ತಿಗೆ ಎಲ್ಲರಿಗೂ ನಗು ಬಂದಿತ್ತು. ಅವಳೊಬ್ಬಳನ್ನು ಬಿಟ್ಟು.

ಬಲಗಡೆಯ ಸಾಲನ್ನೆಲ್ಲ ಅವತ್ತೇ ಬೇಯಿಸಬೇಕಿತ್ತು. ಮನೆಯ ನಾಲ್ಕು ಒಲೆ ಸಾಲಲಿಲ್ಲ. ಆರ್‌ವಿಯ ಮೂರೂ ಹಚ್ಚಿದೆವು. ಇವರು ಎರಡು ಅಡುಗೆಮನೆಗಳ ನಡುವೆ ಪಾತ್ರೆ ಹೊತ್ತು ಓಡಾಡಿದರು. ಆ ಹೊತ್ತಿನಲ್ಲೇ ಅವಳು ಒಗ್ಗರಣೆ ಸೌಟಿಗೆ ಆ ಪ್ರಶ್ನೆ ಕೇಳಿದ್ದು.

"ನಿನಗೆ ತೊಂದರೆ ಆಗಬಾರದು ಅಂತ ಕಣೇ" ಅಂದೆ.

"ಈಗ ಆಗಲಿಲ್ವಾ?"

ಅದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ. ಅವಳು ಕೆಸುವಿನೆಲೆಗೆ ಹಿಟ್ಟು ಸವರುತ್ತಾ ಕೂತಳು. ಒಂದು ಎಲೆ, ಹಿಟ್ಟು, ಅದರ ಮೇಲೆ ಇನ್ನೊಂದು ಎಲೆ. ಸ್ವಲ್ಪ ಹೊತ್ತಾದ ಮೇಲೆ ಹೇಳಿದಳು. "ಆ ಕೋಣೆಯಲ್ಲಿ ಯಾರಾದರೂ ಮಲಗಿ ಹದಿನಾಲ್ಕು ತಿಂಗಳಾಯ್ತು. ಬೆಡ್‌ಶೀಟು ತರಲಿಕ್ಕೆ ಇಲ್ಲಿಯ, ಒರೆಗಾನಿನ ಸೇಲಂವರೆಗೆ ಹೋಗಿದ್ದೆ ನಾನು." ಇದನ್ನೂ ಎಲೆಗೇ ಹೇಳಿದಳು.

ಮಧ್ಯಾಹ್ನ ಊಟಕ್ಕೆ ಅಕ್ಕಪಕ್ಕದವರೆಲ್ಲ ಬಂದರು. ಹಿತಕಿದವರೆ ಸಾರು, ಪತ್ರೊಡೆ, ಹಲಸಿನ ಕಡುಬು, ನುಗ್ಗೆಕಾಯಿ ಹುಳಿ. ಏಡಿ ದೋಣಿ ಮಾರಿ ನಿವೃತ್ತನಾದ ಪಕ್ಕದ ಮನೆಯಾತ ಸಾರನ್ನು ಬಟ್ಟಲಿನಲ್ಲಿ ಹಾಕಿಸಿಕೊಂಡು ಮೂರು ಸಲ ಕುಡಿದ. ಕಾಳಿನ ಸಿಪ್ಪೆ ಒಂದೊಂದಾಗಿ ಕೈಯಲ್ಲಿ ಹಿತುಕಿ ತೆಗೀತಾರೆ ಅಂತ ಹೇಳಿದರೆ ನಂಬಲಿಲ್ಲ. ಅಳಿಸಿಹೋದ ಪ್ಯಾಕೆಟ್ ಬೇಯಿಸಿದ ಮೇಲೂ ಏನು ಅಂತ ಗೊತ್ತಾಗಲಿಲ್ಲ, ಖಾಲಿ ಮಾತ್ರ ಆಯಿತು.

ಸಂಜೆ ಅವಳು ಆರ್‌ವಿ ಕೀ ತಗೊಂಡು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ನಾಳೆ ಹೊರಡುವಾಗ ಕೊಡ್ತೇನೆ" ಅಂದಳು. ನಾವು ಹೊಸ ಬೆಡ್‌ಶೀಟಿನ ಮೇಲೆ ಮಲಗಿದೆವು. ಅಂಗಡಿಯ ಗಂಜಿ ವಾಸನೆ ಇನ್ನೂ ಹೋಗಿರಲಿಲ್ಲ.

ರಾತ್ರಿ ಇವರು ಎದ್ದರು. ಎಷ್ಟು ಹೊತ್ತಾದರೂ ಬರಲಿಲ್ಲ. ಬಚ್ಚಲಿನ ದಾರಿಯ ಸಣ್ಣ ದೀಪ ಉರಿಯುತ್ತಿತ್ತು, ಬಚ್ಚಲು ಕತ್ತಲು. ಬಂದು ಮಲಗಿದ ಮೇಲೆ ಕೇಳಿದೆ, ಎಲ್ಲಿಗೆ ಹೋಗಿದ್ರಿ ಅಂತ.

"ಫ್ರೀಜರ್ ಓಡ್ತಾ ಇದೆಯಾ ಅಂತ ನೋಡೋಕೆ. ಅವನೂ ಅಲ್ಲೇ ನಿಂತಿದ್ದ."

"ಈ ಹೊತ್ತಲ್ಲಾ?"

"ಹ್ಞೂಂ. ಅವನಿಗೂ ನಾಲ್ಕು ಸಲವಂತೆ."